ದೊಡ್ಡಿ, ಪೋಡು, ನತ್ತ: ಕೊಳ್ಳೇಗಾಲ ಸೀಮೆಯ ನೆಲೆಗಾರಿಕೆ ಮತ್ತು ಕನ್ನಡ ಸಂಶೋಧನೆ

ಜನಸಂಖ್ಯೆಯ ಹಂಚಿಕೆ ಕುರಿತ ಪ್ರಶ್ನೆಗಳನ್ನು ನಮ್ಮ ವಿಶ್ವವಿದ್ಯಾಲಯಗಳು ಭೂಗೋಳ ಹಾಗೂ ಅರ್ಥಶಾಸ್ತ್ರ ವಿಭಾಗಗಳಿಗೆ ಬಿಟ್ಟುಕೊಟ್ಟು ಬಹುಕಾಲವಾಗಿದೆ. ಮಳೆ, ಮಣ್ಣು, ನೀರು, ಸಾರಿಗೆ, ಮಾರುಕಟ್ಟೆ ಎಂಬ ಕಾರಣಗಳ ಪಟ್ಟಿಯೊಂದು ಪಠ್ಯಪುಸ್ತಕದಿಂದ ಪಠ್ಯಪುಸ್ತಕಕ್ಕೆ ಸಾಗಿಬರುತ್ತಿದೆ. ಈ ಪಟ್ಟಿ ತಪ್ಪೇನೂ ಅಲ್ಲ. ಆದರೆ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಂತಹ ಪ್ರದೇಶಕ್ಕೆ ಅದನ್ನು ಅನ್ವಯಿಸಿದಾಗ ವಿವರಣೆಯ ಒಂದು ದೊಡ್ಡ ಭಾಗವೇ ಕೈತಪ್ಪಿಹೋಗುತ್ತದೆ. ಹಾಗೆ ತಪ್ಪಿಹೋದದ್ದು ಊರ ಹೆಸರುಗಳಲ್ಲಿ, ಶಾಸನಗಳಲ್ಲಿ, ಕಂಸಾಳೆಯವರೂ ನೀಲಗಾರರೂ ಹಾಡುವ ಕಾವ್ಯಗಳಲ್ಲಿ ಉಳಿದಿದೆ. ಅಂದರೆ ಕನ್ನಡ ಅಧ್ಯಯನದ ಕೈಗೆಟುಕುವ ಆಕರಗಳಲ್ಲಿಯೇ ಇದೆ. ಈ ಆಕರಗಳನ್ನು ನೆಲೆಗಾರಿಕೆಯ ಸಾಕ್ಷ್ಯವಾಗಿ ಓದುವ ಕೆಲಸ ವ್ಯವಸ್ಥಿತವಾಗಿ ನಡೆಯದೇ ಇರುವುದರ ಬೆಲೆಯನ್ನು ತೆರುತ್ತಿರುವವರು ಬೆಟ್ಟದ ಊರುಗಳ ಜನ.

2011ರ ಜನಗಣತಿಯಂತೆ ಚಾಮರಾಜನಗರ ಜಿಲ್ಲೆಯ ಜನಸಂಖ್ಯೆ 10,20,791. ಜನಸಾಂದ್ರತೆ ಚದರ ಕಿಲೋಮೀಟರಿಗೆ 181. ರಾಜ್ಯದ ಸರಾಸರಿಯಾದರೋ 319. 2001ರಿಂದ 2011ರವರೆಗಿನ ಹತ್ತು ವರ್ಷಗಳಲ್ಲಿ ಜಿಲ್ಲೆಯ ಜನಸಂಖ್ಯೆ ಶೇ. 6ರಷ್ಟೂ ಬೆಳೆದಿಲ್ಲ. ಅಂಕಿಗಳು ಇಷ್ಟನ್ನು ಹೇಳಿ ಸುಮ್ಮನಾಗುತ್ತವೆ. ಯಳಂದೂರಿನ ಗದ್ದೆಬಯಲಿನ ಒತ್ತೊತ್ತಾದ ಊರುಗಳೂ, ಹತ್ತಿಪ್ಪತ್ತು ಮನೆಗಳ ಹನೂರಿನ ದೊಡ್ಡಿಗಳೂ, ಕಾಡೊಳಗಿನ ಪೋಡುಗಳೂ ಒಂದೇ ಸರಾಸರಿಯಲ್ಲಿ ಕರಗಿಹೋಗುತ್ತವೆ.

ಯಳಂದೂರು ರಾಜ್ಯದ ಅತಿ ಚಿಕ್ಕ ತಾಲ್ಲೂಕುಗಳಲ್ಲಿ ಒಂದು. ಸುವರ್ಣಾವತಿ ಹೊಳೆಯ ಬಯಲು, ಕೆರೆಗಳ ಸಾಲು, ಭತ್ತ, ತೆಂಗು, ಹಿಪ್ಪುನೇರಳೆ ಇವೆಲ್ಲ ಇಲ್ಲಿ ಜನವಸತಿ ದಟ್ಟವಾಗಲು ಸಾಕಷ್ಟು ಕಾರಣಗಳೇ ಸರಿ. ಆದರೆ ನೀರು ತಾನಾಗಿ ಊರನ್ನು ಕಟ್ಟುವುದಿಲ್ಲ. ನೀರನ್ನು ಹಂಚುವ ಅಧಿಕಾರವೊಂದು ಬೇಕಾಗುತ್ತದೆ. ಹದಿನಾಡಿನ ಪಾಳೆಯಗಾರರ ಆಳ್ವಿಕೆ, ಬಳಿಕ 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ದೊರೆತ ಜಾಗೀರು ಈ ಪುಟ್ಟ ಬಯಲಿಗೆ ಆ ಬಗೆಯ ಕೇಂದ್ರವನ್ನು ಒದಗಿಸಿದವು. ಅಗರ ಎಂಬ ಊರ ಹೆಸರು ಅಗ್ರಹಾರದ ನೆನಪನ್ನು ಉಳಿಸಿಕೊಂಡಿದೆ ಎಂಬುದು ಸ್ಥಳನಾಮ ವಿದ್ವಾಂಸರಿಗೆ ಹೊಸ ಸಂಗತಿಯಲ್ಲ. ಸಂಚಿಯ ಹೊನ್ನಮ್ಮನೂ ಷಡಕ್ಷರದೇವನೂ ಹದಿನೇಳನೆಯ ಶತಮಾನದಲ್ಲಿ ಈ ಊರಿನ ಪರಿಸರದಿಂದಲೇ ಬಂದವರೆಂಬುದನ್ನು ಸಾಹಿತ್ಯ ಚರಿತ್ರೆಗಳು ಕವಿಚರಿತೆಯ ಒಂದು ಸಾಲಾಗಿ ದಾಖಲಿಸುತ್ತವೆಯೇ ಹೊರತು, ದಟ್ಟ ನೆಲೆಗಾರಿಕೆಗೂ ಬರೆಹದ ಸಂಸ್ಕೃತಿಗೂ ಇರುವ ಸಂಬಂಧದ ಪ್ರಶ್ನೆಯಾಗಿ ಎತ್ತಿಕೊಳ್ಳುವುದಿಲ್ಲ.

ಕೊಳ್ಳೇಗಾಲದ ಕಾವೇರಿ ದಂಡೆ ಇನ್ನೊಂದು ಬಗೆಯ ಪಾಠವನ್ನು ಹೇಳುತ್ತದೆ. ಹಳೇ ಅಣಗಳ್ಳಿ, ಹಳೇ ಹಂಪಾಪುರ ಎಂಬ ಹೆಸರುಗಳಲ್ಲಿನ ‘ಹಳೇ’ ಎಂಬ ವಿಶೇಷಣವೇ ಊರು ಒಮ್ಮೆ ಎರಡಾದುದಕ್ಕೆ ದಾಖಲೆ. ಜನರಲ್ಲಿ ಒಂದು ಪಾಲು ಬೇರೆಡೆಗೆ ಹೋಗಿ ‘ಹೊಸ’ ಊರನ್ನು ಕಟ್ಟಿದೆ, ಇನ್ನೊಂದು ಪಾಲು ಇದ್ದಲ್ಲಿಯೇ ಉಳಿದಿದೆ. 2018 ಮತ್ತು 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ದಾಸನಪುರ, ಮುಳ್ಳೂರುಗಳ ಜೊತೆಗೆ ಈ ‘ಹಳೇ’ ಊರುಗಳೂ ನೀರಿನಲ್ಲಿ ನಿಂತವು. ಅಪಾಯ ಗೊತ್ತಿದ್ದೂ ಜನ ಹೊಳೆಯ ದಡವನ್ನು ಏಕೆ ಬಿಡುವುದಿಲ್ಲ ಎಂದು ಆಗೆಲ್ಲ ಕೇಳಲಾಗುತ್ತದೆ. ಮೆಕ್ಕಲು ಮಣ್ಣಿನ ಗದ್ದೆ, ಊರದೇವತೆಯ ಗುಡಿ, ಹಿರಿಯರ ಸಮಾಧಿ ಇವು ಮೂರೂ ಒಂದೆಡೆ ಇರುವ ನೆಲೆಯನ್ನು ಬಿಟ್ಟು, ಇವು ಯಾವುವೂ ಇಲ್ಲದ ನಿವೇಶನಕ್ಕೆ ಹೋಗುವುದು ಲೆಕ್ಕಾಚಾರದ ದೃಷ್ಟಿಯಿಂದಲೂ ಅಷ್ಟೇನೂ ಲಾಭದ ಮಾತಲ್ಲ. ನೆರೆ ಬರುವುದು ಕೆಲವು ವರ್ಷಗಳಿಗೊಮ್ಮೆ. ಗದ್ದೆಗೆ ಹೋಗಬೇಕಾದದ್ದು ದಿನಾ.

ಹನೂರಿನತ್ತ ಹೊರಳಿದೊಡನೆ ಊರ ಹೆಸರುಗಳ ವ್ಯಾಕರಣವೇ ಬದಲಾಗುತ್ತದೆ. ಕೊಳ್ಳೇಗಾಲದಿಂದ ಬೇರ್ಪಟ್ಟು ಇತ್ತೀಚೆಗೆ ತಾಲ್ಲೂಕಾದ ಈ ಭಾಗದಲ್ಲಿ ಕೌದಳ್ಳಿ, ರಾಮಾಪುರದಂತಹ ದೊಡ್ಡ ಊರುಗಳು ಹಳೆಯ ದಾರಿಗಳ ಮೇಲಿವೆ. ಮೈಸೂರು ಸೀಮೆಯಿಂದ ಕಾವೇರಿಪುರದ ಕಣಿವೆಯ ಮೂಲಕ ತಮಿಳು ಬಯಲಿಗೆ ಇಳಿಯುತ್ತಿದ್ದ ವ್ಯಾಪಾರಿಗಳೂ ದಂಡುಗಳೂ ಈ ಸೀಮೆಯನ್ನು ಹಾದುಹೋಗುತ್ತಿದ್ದವು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ನಡೆದದ್ದೂ ಯಳಂದೂರು, ಕೌದಳ್ಳಿಗಳ ಮೂಲಕವೇ. ಯುದ್ಧ ಮತ್ತು ಬರಗಳಿಂದ ಪಾಳುಬಿದ್ದ ಊರುಗಳ ಪ್ರಸ್ತಾಪ ಅವನ ಪ್ರವಾಸ ಕಥನದಲ್ಲಿ ಮತ್ತೆ ಮತ್ತೆ ಬರುತ್ತದೆ. ದಾರಿ ಊರನ್ನು ಬೆಳೆಸುತ್ತದೆ, ಅದೇ ದಾರಿಯಲ್ಲಿ ಬರುವ ದಂಡು ಊರನ್ನು ಓಡಿಸುತ್ತದೆ ಎಂಬ ಸಂಗತಿ ಸಾರಿಗೆಯನ್ನು ಜನವಸತಿಯ ಅನುಕೂಲಗಳ ಪಟ್ಟಿಯಲ್ಲಿ ಮಾತ್ರ ಇಡುವ ಪಠ್ಯಪುಸ್ತಕಗಳಿಗೆ ಹೊಳೆದಂತಿಲ್ಲ.

ದಾರಿಯಿಂದ ಒಳಸರಿದರೆ ಸಿಗುವುದು ದೊಡ್ಡಿಗಳು: ಗಂಗನದೊಡ್ಡಿ, ವಡ್ಡರದೊಡ್ಡಿ ಹೀಗೆ. ದೊಡ್ಡಿ ಎಂದರೆ ದನಗಳನ್ನು ಕೂಡುವ ಆವರಣ. ಮೇವನ್ನು ಅರಸಿ ಕಾಡಂಚಿಗೆ ಹೋದ ದನಗಾಹಿಗಳ ತಂಗುದಾಣ ಕ್ರಮೇಣ ರಾಗಿಹೊಲವಾಗಿ, ಬಳಿಕ ಊರಾಗಿ ನಿಂತ ಚರಿತ್ರೆಯನ್ನು ಈ ಒಂದು ಪದ ಹೇಳುತ್ತದೆ. ಇದಕ್ಕೆ ಸಮರ್ಥನೆ ಮಾದೇಶ್ವರ ಕಾವ್ಯದಲ್ಲಿಯೇ ಇದೆ. ಅದರ ಪ್ರಮುಖ ಭಕ್ತರಲ್ಲಿ ಒಬ್ಬನಾದ ಜುಂಜೇಗೌಡ ಕಾವೇರಿ ದಂಡೆಯ ಆಲಂಬಾಡಿಯವನು, ದನಕರುಗಳ ಸಿರಿವಂತ. ಆಲಂಬಾಡಿ ಎಂಬುದು ಇಂದಿಗೂ ಒಂದು ದನದ ತಳಿಯ ಹೆಸರು. ಮಲೆಯ ಗುಡಿಯನ್ನು ಕಟ್ಟಿಸಿದವನು ಅವನೆಂದು ಕಾವ್ಯ ಹಾಡುತ್ತದೆ. ಸಂಕಮ್ಮನ ಸಾಲಿನಲ್ಲಿ ಬರುವ ಸೋಲಿಗರ ನೀಲೇಗೌಡನಾದರೋ ಹೆಂಡತಿಯನ್ನು ಬಿಟ್ಟು ಕಾಡಿಗೆ ಹೋಗುವವನು. ಅವನ ಬದುಕಿನ ಲಯವೇ ಋತುವಿನೊಡನೆ ಚಲಿಸುವಂಥದು. ಒಂದೇ ಕಾವ್ಯದಲ್ಲಿ ದನಗಾಹಿಯ ಅರೆನೆಲೆಯೂ ಬೇಟೆ ಮತ್ತು ಸಂಗ್ರಹದ ಚಲನೆಯೂ ಬಯಲಿನ ಒಕ್ಕಲುತನವೂ ಪರಸ್ಪರ ಎದುರಾಗುತ್ತವೆ. ಪಿ.ಕೆ. ರಾಜಶೇಖರ ಮೊದಲಾದ ವಿದ್ವಾಂಸರು ಶ್ರಮವಹಿಸಿ ಸಂಪಾದಿಸಿಕೊಟ್ಟ ಈ ಕಾವ್ಯವನ್ನು ಪವಾಡ, ಭಕ್ತಿ, ಪ್ರತಿಭಟನೆ ಎಂಬ ನೆಲೆಗಳಲ್ಲಿ ಸಾಕಷ್ಟು ಚರ್ಚಿಸಲಾಗಿದೆ. ಯಾರು ಎಲ್ಲಿ ನೆಲೆನಿಂತರು, ಯಾರನ್ನು ಯಾರು ಒಳಬಿಟ್ಟುಕೊಂಡರು ಎಂಬ ಪ್ರಶ್ನೆಯನ್ನಿಟ್ಟುಕೊಂಡ ಓದು ಮಾತ್ರ ವಿರಳ.

ಮೂರನೆಯ ಪದ ಹೆಚ್ಚು ತೊಡಕಿನದು. ಮಲೆ ಮಹದೇಶ್ವರ ಬೆಟ್ಟದ ಸುತ್ತ ಇಂಡಿಗನತ್ತ, ಪಡಸಲನತ್ತ ಎಂಬ ಊರುಗಳಿವೆ. ಹನೂರಿನ ಬಳಿ ಬೈರನತ್ತವಿದೆ. ತಮಿಳಿನ ಕಂದಾಯ ಪರಿಭಾಷೆಯಲ್ಲಿ ‘ನತ್ತಂ’ ಎಂದರೆ ಗ್ರಾಮದಲ್ಲಿ ಮನೆ ಕಟ್ಟಿಕೊಳ್ಳಲು ಮೀಸಲಾದ ಜಾಗ. ಇಂಡಿಗನತ್ತದ ಕೊನೆಯ ಘಟಕ ಇದೇ ಎಂದು ಭಾವಿಸಲು ಅವಕಾಶವಿದೆ. ಏಕೆಂದರೆ 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕನ್ನಡದ ಜನ, ತಮಿಳು ಕಂದಾಯ ಪದ, ಇಂಗ್ಲಿಷ್ ಕಡತ ಎಂಬ ವಿಲಕ್ಷಣ ಸನ್ನಿವೇಶವದು. ನೆರೆಯ ತಾಳವಾಡಿ ಸೀಮೆ ಆಚೆಯೇ ಉಳಿಯಿತು. ಹನೂರಿನ ಮಾರ್ಟಳ್ಳಿ ಕಡೆಯ ತಮಿಳು ಮಾತಿನ ಕ್ರೈಸ್ತ ಊರುಗಳು ಈಚೆ ಬಂದವು. 1970ರ ದಶಕದಲ್ಲಿ ಒಡೆಯರಪಾಳ್ಯದಲ್ಲಿ ಟಿಬೆಟನ್ನರ ವಸತಿ ನೆಲೆಗೊಂಡಾಗ ಈ ಪಟ್ಟಿಗೆ ಇನ್ನೊಂದು ಭಾಷೆ ಸೇರಿತು.

ಆ ಗಡಿ ಆಡಳಿತದ್ದಷ್ಟೇ ಆಗಿರಲಿಲ್ಲ, ಸಂಶೋಧನೆಯದೂ ಆಗಿತ್ತು. ಬಿ.ಎಲ್. ರೈಸ್ ಮೈಸೂರು ಸಂಸ್ಥಾನದ ಶಾಸನಗಳನ್ನು ಪ್ರಕಟಿಸಿದಾಗ ಯಳಂದೂರು ಜಾಗೀರಿನ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಸ್ಥಾನ ಪಡೆದವು. ಹೊಳೆ ಮತ್ತು ಹೊಲ ಒಂದೇ ಆಗಿದ್ದ ಕೊಳ್ಳೇಗಾಲ ಸಂಸ್ಥಾನದ ಹೊರಗಿದ್ದುದರಿಂದ ಆ ಯೋಜನೆಯಿಂದಲೂ ಹೊರಗುಳಿಯಿತು. ಜನಗಣತಿಯ ಗತಿಯೂ ಅದೇ. 1876–78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷದಿಂದ 42 ಲಕ್ಷಕ್ಕೆ ಇಳಿದುದನ್ನು 1871 ಮತ್ತು 1881ರ ಗಣತಿಗಳು ತೋರಿಸುತ್ತವೆ. ಆ ಅಂಕಿಯಲ್ಲಿ ಯಳಂದೂರು ಇದೆ, ಕೊಳ್ಳೇಗಾಲ ಇಲ್ಲ. ಮೂರು ತಾಲ್ಲೂಕುಗಳನ್ನು ಒಂದೇ ಜಿಲ್ಲೆಯಾಗಿ ಕಾಣುವ ನಮ್ಮ ಕಣ್ಣು 1997ರಲ್ಲಿ ಜಿಲ್ಲೆ ರಚನೆಯಾದ ಮೇಲಿನದು.

ಪೋಡು ಎಂಬ ಪದದ ವಿಚಾರ ಬಿಳಿಗಿರಿರಂಗನ ಬೆಟ್ಟಕ್ಕೆ ಸೇರಿದ್ದು. ಹೊಸಪೋಡು, ಬಂಗ್ಲೆಪೋಡು, ಕಲ್ಯಾಣಿಪೋಡು, ಎರಕನಗದ್ದೆ, ಮುತ್ತುಗದಗದ್ದೆ: ಸೋಲಿಗರ ಈ ವಸತಿಗಳು ಇಂದು ಸ್ಥಿರವಾದ ಕಾಲೋನಿಗಳಂತೆ ಕಾಣುತ್ತವೆ. ಕಾಡನ್ನು ಸರದಿಯಂತೆ ಸಾಗುಮಾಡಿ, ಕೆಲವು ವರ್ಷಗಳ ಮೇಲೆ ಬೇರೆಡೆಗೆ ಸರಿಯುವ ಕೃಷಿಪದ್ಧತಿ ಇದ್ದಾಗ ಪೋಡು ಒಂದು ಬಿಂದುವಾಗಿರಲಿಲ್ಲ, ಒಂದು ಸುತ್ತಾಟವಾಗಿತ್ತು. 1974ರಲ್ಲಿ ವನ್ಯಧಾಮ ಘೋಷಣೆಯಾದ ನಂತರ ಆ ಸುತ್ತಾಟ ನಿಂತಿತು. ಅನೇಕ ಪೋಡುಗಳನ್ನು ರಸ್ತೆಯ ಬದಿಗೂ ಕಾಡಂಚಿಗೂ ತರಲಾಯಿತು. ‘ಸೋಲಿಗರು ಇಲ್ಲಿ ನೆಲೆಸಿದ್ದಾರೆ’ ಎಂದು ಇಂದಿನ ನಕ್ಷೆ ಗುರುತಿಸುವ ಅನೇಕ ಸ್ಥಳಗಳು ಅವರು ಆಯ್ದುಕೊಂಡವಲ್ಲ, ಅವರನ್ನು ತಂದು ನಿಲ್ಲಿಸಿದವು. ಅವರು ಆಯ್ದುಕೊಂಡಿದ್ದ ನೆಲೆಗಳು ಯಾವುವೆಂದು ತಿಳಿಯಲು ಕಲ್ಲು, ಮರ, ಹೊಳೆಗಳಿಗೆ ಅವರು ಇಟ್ಟ ಹೆಸರುಗಳನ್ನೇ ಕೇಳಬೇಕು.

ಈ ಚರ್ಚೆ ಶೈಕ್ಷಣಿಕ ಕುತೂಹಲದ್ದು ಮಾತ್ರವೆಂದು ಭಾವಿಸುವವರು 2006ರ ಅರಣ್ಯ ಹಕ್ಕು ಕಾಯಿದೆಯನ್ನೂ ಅದರ ನಿಯಮಗಳನ್ನೂ ಒಮ್ಮೆ ಗಮನಿಸಬೇಕು. ಪರಿಶಿಷ್ಟ ಪಂಗಡಕ್ಕೆ ಸೇರದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಸೋಲಿಗರು ಪರಿಶಿಷ್ಟ ಪಂಗಡದವರಾದುದರಿಂದ ಈ ಕಟ್ಟಳೆ ಅವರಿಗಿಲ್ಲ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಹಕ್ಕುಗಳು ದೊರೆತವು. ಮಾದಪ್ಪನ ಪೂಜೆಯ ಹಕ್ಕುಳ್ಳ ಬೇಡಗಂಪಣರ ಸ್ಥಿತಿ ಬೇರೆ. ಕಾವ್ಯ ಅವರನ್ನು ಮಲೆಯ ನಿವಾಸಿಗಳೆಂದು ಹಾಡುತ್ತದೆ. ಕಾನೂನು ಕಾಗದ ಕೇಳುತ್ತದೆ. 2005ರಿಂದ 75 ವರ್ಷ ಹಿಂದೆ ಹೋದರೆ 1930 ಬರುತ್ತದೆ. ಆ ವರ್ಷದ ಕಾಗದ ಬೆಂಗಳೂರು, ಮೈಸೂರುಗಳ ಕಚೇರಿಯಲ್ಲಿ ಹುಟ್ಟಿದ್ದಲ್ಲ, ಕೊಯಮತ್ತೂರಿನ ಆಡಳಿತದಲ್ಲಿ ಹುಟ್ಟಿದ್ದು. ಆದರೆ ನಿಯಮಗಳು ಹಿರಿಯರ ಹೇಳಿಕೆಯನ್ನೂ, ಪವಿತ್ರ ಸ್ಥಳ, ಸಮಾಧಿ, ಹಳೆಯ ಕಟ್ಟಡಗಳನ್ನೂ, ವಂಶಾವಳಿಯನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ. ಜಾನಪದ ಕ್ಷೇತ್ರಕಾರ್ಯದಲ್ಲಿ ವಿದ್ಯಾರ್ಥಿಗಳು ಸಂಗ್ರಹಿಸಿ ತರುವುದು ಬಹುಮಟ್ಟಿಗೆ ಇವುಗಳನ್ನೇ. ಇಂಡಿಗನತ್ತದ ‘ನತ್ತ’ ನಿಜವಾಗಿಯೂ ಕಂದಾಯದ ನತ್ತಂ ಆಗಿದ್ದರೆ, ಮನೆ ಕಟ್ಟುವ ಜಾಗವೆಂದು ಹಿಂದಿನ ಆಡಳಿತವೇ ಅದನ್ನು ಒಪ್ಪಿತ್ತೆಂದಾಗುತ್ತದೆ. ಹೆಸರೊಂದೇ ರುಜುವಾತಾಗದು, ಯಾವ ಕಡತವನ್ನು ಹುಡುಕಬೇಕೆಂದು ಅದು ಹೇಳಬಲ್ಲದು.

2024ರ ಏಪ್ರಿಲ್ 26ರಂದು ಲೋಕಸಭಾ ಚುನಾವಣೆಯ ದಿನ ಇಂಡಿಗನತ್ತದಲ್ಲಿ ಮತಗಟ್ಟೆ ಧ್ವಂಸವಾಗಿ, 29ರಂದು ಮರುಮತದಾನ ನಡೆಯಿತು. ರಸ್ತೆ, ನೀರು, ವಿದ್ಯುತ್ತಿಲ್ಲದ ಊರಿನ ಬಹಿಷ್ಕಾರ ಆ ಗಲಭೆಯ ಹಿನ್ನೆಲೆಯಲ್ಲಿತ್ತು. ಗಲಭೆಯನ್ನು ಸಮರ್ಥಿಸಬೇಕಿಲ್ಲ. ಕಾಡಂಚಿನ ಇಂತಹ ಊರುಗಳ ಬಗ್ಗೆ ಪತ್ರಿಕೆಗಳಲ್ಲಿ ನಡೆಯುವ ಚರ್ಚೆ ಮಾತ್ರ ಹೆಚ್ಚಾಗಿ ಎರಡೇ ಆಯ್ಕೆಗಳ ನಡುವೆ ಸುತ್ತುತ್ತದೆ: ಸೌಕರ್ಯ ಕೊಡಿ, ಇಲ್ಲವೇ ಸ್ಥಳಾಂತರಿಸಿ. ಕಾಡಿನ ಊರುಗಳಲ್ಲಿ ಕೆಲವು ತಾವಾಗಿಯೇ ಹೊರಬರಲು ಬಯಸುತ್ತವೆ. ಶಾಲೆಗೂ ಆಸ್ಪತ್ರೆಗೂ ಮೈಲಿಗಟ್ಟಲೆ ನಡೆಯುವವರು ಹಾಗೆ ಬಯಸಿದರೆ ಅದನ್ನು ತಪ್ಪೆನ್ನಲು ಪಟ್ಟಣದ ವಿದ್ವಾಂಸರಿಗೆ ಅಧಿಕಾರವಿಲ್ಲ. ಉಳಿಯುತ್ತೇವೆ ಎನ್ನುವವರ ಕಾರಣಗಳನ್ನು ಅಜ್ಞಾನವೆಂದು ಬದಿಗಿಡುವ ಮೊದಲು ಅವರ ಕಾರಣಗಳನ್ನು ಅವರದೇ ಮಾತಿನಲ್ಲಿ ದಾಖಲಿಸಿದ ಒಂದು ಪುಸ್ತಕವಾದರೂ ಇರಬೇಕಾಗಿತ್ತು.

ಜನಗಣತಿಯ ಘಟಕ ಕಂದಾಯ ಗ್ರಾಮ. ದೊಡ್ಡಿ, ಪೋಡುಗಳು ಬಹುಪಾಲು ಅದರೊಳಗಿನ ದಾಖಲೆಯಿಲ್ಲದ ತುಣುಕುಗಳು. ಎಣಿಕೆ ನಡೆಯುವ ಫೆಬ್ರವರಿಯ ಹೊತ್ತಿಗೆ ರಾಗಿ ಕೊಯ್ಲು ಮುಗಿದು, ಹನೂರಿನ ಮಳೆಯಾಶ್ರಿತ ಊರುಗಳ ದುಡಿಯುವ ಜನ ಕೊಡಗಿನ ಕಾಫಿ ತೋಟಗಳಿಗೂ ತಮಿಳುನಾಡಿನ ಕೆಲಸಗಳಿಗೂ ಗುಳೆ ಹೋಗಿರುತ್ತಾರೆ. ಎಣಿಕೆಯ ಅವಧಿಯುದ್ದಕ್ಕೂ ಹೊರಗಿದ್ದವರು ತಮ್ಮ ಊರಿನ ಲೆಕ್ಕಕ್ಕೆ ಬರುವುದಿಲ್ಲ. ಮುಂದಿನ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1 ಎಂದು 2025ರ ಜೂನ್‌ನಲ್ಲಿ ಪ್ರಕಟವಾಗಿದೆ. ಎಣಿಕೆ ಮತ್ತೆ ಫೆಬ್ರವರಿಯಲ್ಲಿಯೇ. ಈ ತಾಲ್ಲೂಕುಗಳಿಂದ ಕನ್ನಡ ಎಂ.ಎ. ತರಗತಿಗಳಿಗೆ ಬರುವ ವಿದ್ಯಾರ್ಥಿಗಳ ಕಿರುಪ್ರಬಂಧಗಳಿಗೆ ಒಂದೊಂದು ಹೋಬಳಿಯನ್ನು ಹಂಚಿ, ಪ್ರತಿ ದೊಡ್ಡಿ, ಪೋಡು, ನತ್ತಗಳ ಹೆಸರು, ಹಿಂದಿನ ಹೆಸರು, ಗುಡಿ, ಸಮಾಧಿ, ಮೂಲದ ಊರು ಇವುಗಳನ್ನು ಬರೆಸಿದರೆ ಒಂದು ಶೈಕ್ಷಣಿಕ ವರ್ಷದಲ್ಲಿ ಮುಗಿಯುವ ಕೆಲಸವಿದು. ಯೋಜನಾ ಧನವೂ ಬೇಕಿಲ್ಲ, ಬಸ್ಸಿನ ಖರ್ಚು ಸಾಕು.