ಹಳೆಯ ಕಂಪ್ಯೂಟರು: ಮಾರುವವನು ಏನನ್ನು ಮಾರಬೇಕು?

ಪದವಿ ಮುಗಿಸಿದ ಇಬ್ಬರು ತರುಣರು ಈಚೆಗೆ ನಮ್ಮಲ್ಲಿಗೆ ಬಂದಿದ್ದರು. ಕಚೇರಿಗಳು ಉಪಯೋಗಿಸಿ ಬಿಟ್ಟ ಕಂಪ್ಯೂಟರುಗಳನ್ನು ಕೊಂಡು, ದುರಸ್ತಿ ಮಾಡಿ, ವಿದ್ಯಾರ್ಥಿಗಳಿಗೂ ಸಣ್ಣ ವರ್ತಕರಿಗೂ ಮಾರುವ ಒಂದು ಅಂಗಡಿಯನ್ನು ತಮ್ಮ ತಾಲ್ಲೂಕು ಪಟ್ಟಣದಲ್ಲಿ ತೆರೆಯಬೇಕೆಂಬುದು ಅವರ ಬಯಕೆ. ಅವರಲ್ಲೊಬ್ಬನ ತಂದೆಗೆ ಮಾತ್ರ ಈ ಯೋಚನೆ ಸ್ವಲ್ಪವೂ ರುಚಿಸಿರಲಿಲ್ಲ. ‘ವಿಜ್ಞಾನ ಓದಿದ ಮಗ ಗುಜರಿ ವ್ಯಾಪಾರಕ್ಕೆ ಕೂರುವುದೆ?’ ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಳೆಯ ಕಂಪ್ಯೂಟರುಗಳ ಹೆಸರಿನಲ್ಲಿ ನಡೆಯುವ ವ್ಯಾಪಾರದಲ್ಲಿ ಗುಜರಿಗಿಂತ ಮೇಲಾದುದು ಎಷ್ಟಿದೆ ಎಂದು ಯಾರಾದರೂ ಕೇಳಿದರೆ ಉತ್ತರ ಕೊಡಲು ಸಂಕೋಚಪಡಬೇಕಾಗುತ್ತದೆ. ಆದರೂ ಆ ತರುಣರಿಗೆ ನಾವು ‘ತೆರೆಯಿರಿ’ ಎಂದೇ ಹೇಳಿದೆವು. ಒಂದು ಷರತ್ತನ್ನು ಮಾತ್ರ ಸೇರಿಸಿದೆವು. ಆ ಷರತ್ತು ಏನು, ಏಕೆ ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕೆಂದಿದ್ದೇವೆ.

ಕಾಲವೇನೋ ಅವರಿಗೆ ಅನುಕೂಲವಾಗಿದೆ. ಮೈಕ್ರೊಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಅದರ ಮುಂದಿನದಾದ ವಿಂಡೋಸ್ 11 ಟಿ.ಪಿ.ಎಂ. 2.0 ಎಂಬ ಭದ್ರತಾ ಏರ್ಪಾಟನ್ನೂ ಸಾಕಷ್ಟು ಈಚಿನ ಪ್ರೊಸೆಸರನ್ನೂ ಬೇಡುತ್ತದೆ. ಹೀಗಾಗಿ, ಯಾವ ಊನವೂ ಇಲ್ಲದೆ ದಿನವೂ ಕೆಲಸಮಾಡುತ್ತಿದ್ದ ಅಸಂಖ್ಯ ಯಂತ್ರಗಳು ಒಂದು ತಾರೀಖಿನ ದೆಸೆಯಿಂದಲೇ ‘ಹಳೆಯವು’ ಆದುವು. ಲಿನಕ್ಸ್ ಅಳವಡಿಸಿದರೆ ಇವುಗಳಲ್ಲಿ ಹೆಚ್ಚಿನವು ಪತ್ರ ಬರೆಯಲು, ಲೆಕ್ಕವಿಡಲು, ಪ್ರೋಗ್ರಾಮು ಕಲಿಯಲು ಇನ್ನೂ ಹಲವು ವರ್ಷ ಧಾರಾಳವಾಗಿ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ದೆಹಲಿಯ ನೆಹರೂ ಪ್ಲೇಸಿನಲ್ಲಾಗಲಿ ಒಂದು ಮಧ್ಯಾಹ್ನ ಸುತ್ತಿಬಂದವರಿಗೆ, ಸರಕಿಗೂ ಬಿಡಿಭಾಗಗಳಿಗೂ ಕೊರತೆಯಿಲ್ಲವೆಂಬುದು ಮನದಟ್ಟಾಗುತ್ತದೆ. ಕೊರತೆಯಿರುವುದು ನಂಬಿಕೆಗೆ.

ಈ ಕೊರತೆ ವರ್ತಕರ ಕೆಟ್ಟತನದಿಂದ ಮಾತ್ರ ಹುಟ್ಟಿದುದಲ್ಲ, ಅದಕ್ಕೊಂದು ತರ್ಕವುಂಟು. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಮೋಟಾರು ಕಾರುಗಳ ಪೇಟೆಯನ್ನು ಕುರಿತು ಒಂದು ಚಿಕ್ಕ ಪ್ರಬಂಧವನ್ನು ಪ್ರಕಟಿಸಿದನು. (ಅದಕ್ಕೆ ಮೊದಲು ಮೂರು ಪತ್ರಿಕೆಗಳು ಅದನ್ನು ಹಿಂದಿರುಗಿಸಿದ್ದುವು, 2001ರಲ್ಲಿ ಅವನಿಗೆ ನೊಬೆಲ್ ಪುರಸ್ಕಾರದಲ್ಲಿ ಪಾಲು ದೊರೆತುದು ಈ ಚಿಂತನೆಗಾಗಿಯೇ. ಸಂಪಾದಕರು ಇದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.) ಅವನ ವಾದವನ್ನು ನಮ್ಮ ವಿಷಯಕ್ಕೆ ಹೊಂದಿಸಿ ನೋಡೋಣ. ಹೊರನೋಟಕ್ಕೆ ಒಂದೇ ಬಗೆಯ ಎರಡು ಲ್ಯಾಪ್‌ಟಾಪುಗಳಿವೆ ಎನ್ನಿ. ಒಂದು ಚೆನ್ನಾಗಿದೆ, ಅದರ ನಿಜವಾದ ಬೆಲೆ 16,000 ರೂಪಾಯಿ. ಇನ್ನೊಂದು ಒಳಗೆ ಸವೆದುಹೋಗಿದೆ. ಅದಕ್ಕೆ 6,000 ರೂಪಾಯಿಗಿಂತ ಹೆಚ್ಚು ಕೊಡಲಾಗದು. ಕೊಳ್ಳುವವನಿಗೆ ಯಾವುದು ಯಾವುದೆಂದು ತಿಳಿಯದು. ಜಾಣನಾದರೆ ಅವನು ನಡುವಿನ ಬೆಲೆಯನ್ನು, ಎಂದರೆ ಸುಮಾರು 11,000 ರೂಪಾಯಿಯನ್ನು, ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಯಂತ್ರದ ಒಡೆಯ ಮಾರಲು ಒಪ್ಪುವುದಿಲ್ಲ. ಕೆಟ್ಟದರ ಒಡೆಯ ಸಂತೋಷದಿಂದ ಒಪ್ಪುತ್ತಾನೆ. ಪೇಟೆಯಲ್ಲಿ ಕೆಟ್ಟವೇ ಉಳಿಯುತ್ತವೆ, ಕೊಂಡವರು ಮೋಸಹೋಗುತ್ತಾರೆ, ಬೆಲೆ ಮತ್ತಷ್ಟು ಇಳಿಯುತ್ತದೆ. ಕೊನೆಗೆ ಒಳ್ಳೆಯ ಯಂತ್ರವಿದ್ದರೂ ಅದನ್ನು ಒಳ್ಳೆಯದೆಂದು ಯಾರೂ ನಂಬದ ಸ್ಥಿತಿ ಬರುತ್ತದೆ. ಹೀಗೆ ಸೊರಗುವ ಪೇಟೆಯಲ್ಲಿ ಹೆಚ್ಚು ನಷ್ಟಪಡುವವನು ಯಾರು? ಹೊಸದನ್ನು ಕೊಳ್ಳುವ ಶಕ್ತಿಯಿಲ್ಲದೆ, ಮನೆಯವರು ಕೂಡಿಟ್ಟ ಹಣವನ್ನೆಲ್ಲ ಒಂದು ಹಳೆಯ ಯಂತ್ರಕ್ಕೆ ಸುರಿಯುವ ವಿದ್ಯಾರ್ಥಿ.

ಆದಕಾರಣ ನಮ್ಮ ಅಭಿಪ್ರಾಯವಿಷ್ಟು: ಇಂಥ ಅಂಗಡಿಯಲ್ಲಿ ಮಾರಬೇಕಾದ ಮುಖ್ಯ ಸರಕು ಯಂತ್ರವಲ್ಲ, ಯಂತ್ರದ ಪರೀಕ್ಷೆ. ಪ್ರತಿಯೊಂದು ಕಂಪ್ಯೂಟರಿನೊಡನೆ ಅದರ ಒಳಗಿನ ಸ್ಥಿತಿಯನ್ನು ಅಂಕಿಗಳಲ್ಲಿ ಹೇಳುವ ಒಂದು ಚೀಟಿ, ಮಾರುವವನ ಸಹಿಯೊಡನೆ, ಕೊಳ್ಳುವವನ ಕೈಸೇರಬೇಕು. ಇದೇ ನಾವು ವಿಧಿಸಿದ ಷರತ್ತು.

ಇದು ಅಸಾಧ್ಯವಾದ ಬೇಡಿಕೆಯಲ್ಲ. ಹಳೆಯ ಕಾರಿಗಿಂತ ಹಳೆಯ ಕಂಪ್ಯೂಟರು ತನ್ನ ಚರಿತ್ರೆಯನ್ನು ಹೆಚ್ಚು ಪ್ರಾಮಾಣಿಕವಾಗಿ ಹೇಳಿಕೊಳ್ಳುತ್ತದೆ. ಹಾರ್ಡ್ ಡಿಸ್ಕು ತಾನು ಎಷ್ಟು ಗಂಟೆ ಓಡಿದೆ, ಅದರ ತಟ್ಟೆಯಲ್ಲಿ ಎಷ್ಟು ಭಾಗಗಳು ಕೆಟ್ಟು ಬದಲಿ ಭಾಗಗಳನ್ನು ಹಚ್ಚಿಕೊಂಡಿದೆ ಎಂಬುದನ್ನು ‘ಸ್ಮಾರ್ಟ್’ ಎಂಬ ದಾಖಲೆಯಲ್ಲಿ ಬರೆದಿಟ್ಟಿರುತ್ತದೆ. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 250 ದಿನ ಕೆಲಸಮಾಡುವ ಕಚೇರಿಯ ಯಂತ್ರ 6 ವರ್ಷಗಳಲ್ಲಿ 12,000 ಗಂಟೆ ಓಡಿರಬೇಕು. ದಾಖಲೆ 45,000 ಎಂದು ಹೇಳಿದರೆ ಆ ಡಿಸ್ಕು ಕಚೇರಿಯ ಮೇಜಿನಿಂದ ಬಂದುದಲ್ಲ. ಹಗಲಿರುಳೆನ್ನದೆ 5 ವರ್ಷ ಎಲ್ಲೋ ದುಡಿದಿದೆ, ಬಹುಶಃ ಕಾವಲು ಕ್ಯಾಮೆರಾದ ಪೆಟ್ಟಿಗೆಯಲ್ಲಿ. ಹಾಗೆಯೇ ಬ್ಯಾಟರಿಯು ಹುಟ್ಟಿದಾಗ 50 ವಾಟ್-ಗಂಟೆ ಹಿಡಿಯುತ್ತಿದ್ದುದು ಈಗ 30ನ್ನು ಮಾತ್ರ ಹಿಡಿಯುತ್ತಿದ್ದರೆ ಅದೂ ತೆರೆಯ ಮೇಲೆ ಕಾಣುತ್ತದೆ. ರ‍್ಯಾಮನ್ನು ಪರೀಕ್ಷಿಸುವ ಪ್ರೋಗ್ರಾಮನ್ನು ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಗ್ಗೆ ಉತ್ತರ ಸಿದ್ಧ. ದಾಖಲೆಗಳನ್ನೂ ತಿದ್ದುವ ಧೂರ್ತರಿಲ್ಲವೆಂದಲ್ಲ. 2025ರ ಆರಂಭದಲ್ಲಿ ಯೂರೋಪಿನಲ್ಲಿ, ಸಾವಿರಾರು ಗಂಟೆ ಓಡಿದ ಡಿಸ್ಕುಗಳ ಸ್ಮಾರ್ಟ್ ದಾಖಲೆಯನ್ನು ಸೊನ್ನೆಗೆ ತಂದು ಹೊಸವೆಂದು ಮಾರಿದ್ದು ಬಯಲಾಯಿತು. ತಯಾರಕರು ಡಿಸ್ಕಿನೊಳಗೆ ಬೇರೆಡೆ ಇಟ್ಟಿದ್ದ ಎರಡನೆಯ ದಾಖಲೆ ಅಲ್ಲಿ ಸಾಕ್ಷಿ ಹೇಳಿತು.

ಇನ್ನು ದುರಸ್ತಿಯ ಮಾತು. ಒಮ್ಮೆ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಅಂತರಜಾಲದ ಯಾವ ಪುಟವೂ ತೆರೆಯದಾಯಿತು. ಒಂದು ಅಂಗಡಿಯವರು ಮದರ್‌ಬೋರ್ಡು ಹೋಗಿದೆ ಎಂದರು. ಇನ್ನೊಂದು ಅಂಗಡಿಯವರು ವಿಂಡೋಸನ್ನು ಮತ್ತೆ ಹಾಕಬೇಕೆಂದು ಹಾಕಿ, ಹಣ ಪಡೆದರು. ನಾಲ್ಕು ದಿನಗಳಲ್ಲಿ ಮೊದಲಿನ ಪಾಡೇ. ಕೊನೆಗೆ ಪಕ್ಕದ ಮನೆಯ ಹುಡುಗನೊಬ್ಬ ತೆರೆಯ ಮೂಲೆಯನ್ನು ನೋಡಿ, ‘ಇದರಲ್ಲಿ ತಾರೀಖು ಎಷ್ಟೋ ವರ್ಷ ಹಿಂದಿನದಿದೆಯಲ್ಲ, ಮಾವಾ!’ ಎಂದ. ಕಂಪ್ಯೂಟರಿಗೆ ವಿದ್ಯುತ್ತಿಲ್ಲದಾಗ ಅದರ ಗಡಿಯಾರವನ್ನು ನಡೆಸುವುದು ಮದರ್‌ಬೋರ್ಡಿನ ಮೇಲಿರುವ, ನಾಣ್ಯದಂಥ 3 ವೋಲ್ಟಿನ ಒಂದು ಪುಟ್ಟ ಕೋಶ. ಅದು ಬತ್ತಿತ್ತು. ಜಾಲತಾಣಗಳು ತೋರಿಸುವ ಗುರುತಿನ ಪತ್ರಗಳಿಗೆ ಆರಂಭದ ದಿನ, ಮುಗಿಯುವ ದಿನ ಎಂಬವು ಇರುತ್ತವೆ. ಹಳೆಯ ತಾರೀಖನ್ನು ನಂಬಿದ ಯಂತ್ರ ಆ ಪತ್ರಗಳನ್ನೆಲ್ಲ ‘ಇನ್ನೂ ಹುಟ್ಟದವು’ ಎಂದು ತಿರಸ್ಕರಿಸುತ್ತಿತ್ತು. ಒಂದು ಕೋಶ ಬದಲಾಯಿಸಿದ್ದೇ ಸರಿ, ಎಲ್ಲವೂ ತೆರೆದುಕೊಂಡಿತು. ಆ ಎರಡು ಅಂಗಡಿಗಳವರಿಗೆ ಕೈಚಳಕವಿರಲಿಲ್ಲವೆಂದು ನಾವು ಹೇಳುವುದಿಲ್ಲ, ನೋಡುವ ಅಭ್ಯಾಸವಿರಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಫಲವನ್ನು ಗಮನಿಸುವುದು ಪ್ರಯೋಗಶಾಲೆಯಲ್ಲಿ ಕಲಿಸುವ ಮೊದಲ ಪಾಠ. ಐದು ಭಾಗಗಳನ್ನು ಒಟ್ಟಿಗೆ ಬದಲಿಸಿ ‘ಸರಿಹೋಯಿತು’ ಎನ್ನುವವನಿಗೆ ಯಾವುದು ಕೆಟ್ಟಿತ್ತೆಂದು ಎಂದೂ ತಿಳಿಯದು; ಐದಕ್ಕೂ ಬೆಲೆ ತೆರುವವನು ಗಿರಾಕಿ.

ಹಳೆಯ ಯಂತ್ರವನ್ನು ಹೊಸದರಂತೆ ಮಾಡುವ ಒಂದೇ ಉಪಾಯವನ್ನು ಹೇಳಿರೆಂದರೆ, ಹಾರ್ಡ್ ಡಿಸ್ಕನ್ನು ತೆಗೆದು ಎಸ್.ಎಸ್.ಡಿ. ಹಾಕಿ ಎನ್ನುತ್ತೇವೆ. ಇದೇಕೆಂದು ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಬಹುದು. ಸಾಮಾನ್ಯ ಡಿಸ್ಕಿನ ತಟ್ಟೆ ನಿಮಿಷಕ್ಕೆ 7,200 ಸುತ್ತು, ಎಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಬೇಕಾದ ಮಾಹಿತಿ ಓದುವ ಮೊನೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಮೊನೆಯು ಸರಿಯಾದ ವೃತ್ತಕ್ಕೆ ಸರಿಯಲು ಇನ್ನೂ 8 ಮಿಲಿಸೆಕೆಂಡಿನಷ್ಟು ಹಿಡಿಯುತ್ತದೆ. ಒಟ್ಟು 12 ಎನ್ನಿ. ಚದುರಿದ ಮಾಹಿತಿಯನ್ನು ಹುಡುಕುವಾಗ ಸೆಕೆಂಡಿಗೆ 80 ಬಾರಿಗಿಂತ ಹೆಚ್ಚು ಓದಲು ಅದಕ್ಕೆ ಸಾಧ್ಯವೇ ಇಲ್ಲ. ತಿರುಗುವ ಅಂಗವೇ ಇಲ್ಲದ ಎಸ್.ಎಸ್.ಡಿ. ಅಷ್ಟೇ ಕಾಲದಲ್ಲಿ ಸಾವಿರಾರು ಬಾರಿ ಓದುತ್ತದೆ. ಯಂತ್ರ ಮುದಿಯಾಯಿತು ಎಂದು ನಾವು ಗೊಣಗುವಾಗ ಪ್ರೊಸೆಸರು ಹೆಚ್ಚಾಗಿ ತಟ್ಟೆಯ ದಾರಿಕಾಯುತ್ತ ಸುಮ್ಮನೆ ಕುಳಿತಿರುತ್ತದೆ. ಶಾಖ ಹೊರಹಾಕುವ ಲೋಹದ ಹಲ್ಲುಗಳಲ್ಲಿ ಸೇರಿದ ಧೂಳನ್ನು ತೆಗೆದು, ಒಣಗಿದ ಶಾಖಲೇಪವನ್ನು ಹೊಸದಾಗಿ ಹಚ್ಚಿದರೆ ಇನ್ನೂ ಲೇಸು. ಆದರೆ ವಿದ್ಯುತ್ ಪೂರೈಸುವ ಪೆಟ್ಟಿಗೆಯನ್ನು ಮಾತ್ರ ಕುತೂಹಲಕ್ಕಾಗಿ ಬಿಚ್ಚಬೇಡಿ. 230 ವೋಲ್ಟಿನ ಪ್ರವಾಹ ಅಲ್ಲಿ ಸುಮಾರು 325 ವೋಲ್ಟಿನ ನೇರ ಪ್ರವಾಹವಾಗಿ ಧಾರಕಗಳಲ್ಲಿ ತುಂಬಿರುತ್ತದೆ. ತಂತಿ ಕಿತ್ತ ಮೇಲೂ ಅದು ಕೆಲಕಾಲ ಉಳಿಯಬಲ್ಲುದು.

ಕೊಳ್ಳುವವನಿಗೆ ತೋರುವ ನಿಷ್ಠೆಯಷ್ಟೇ ಮಾರಿಹೋದವನಿಗೂ ಸಲ್ಲಬೇಕು. ಇದನ್ನು ನಮ್ಮ ಅಂಗಡಿಗಳಲ್ಲಿ ಯೋಚಿಸುವವರು ವಿರಳ. ಸಿಮ್ಸನ್ ಗಾರ್ಫಿಂಕೆಲ್, ಅಭಿ ಶೆಲಾಟ್ ಎಂಬ ಇಬ್ಬರು ಅಮೆರಿಕದಲ್ಲಿ 158 ಹಳೆಯ ಡಿಸ್ಕುಗಳನ್ನು ಕೊಂಡು ಪರಿಶೀಲಿಸಿ, ತಮ್ಮ ವರದಿಯನ್ನು 2003ರಲ್ಲಿ ಪ್ರಕಟಿಸಿದರು. ಓದಲು ಬಂದ 129ರಲ್ಲಿ ಸರಿಯಾಗಿ ಅಳಿಸಿದ್ದವು 12 ಮಾತ್ರ. ಉಳಿದವುಗಳಲ್ಲಿ ಜನರ ಕಾಗದಪತ್ರಗಳೂ ಸಾವಿರಾರು ಕ್ರೆಡಿಟ್ ಕಾರ್ಡುಗಳ ಸಂಖ್ಯೆಗಳೂ ಇದ್ದುವು. ಒಂದು ಡಿಸ್ಕು ಬ್ಯಾಂಕಿನ ಹಣ ಕೊಡುವ ಯಂತ್ರದಿಂದ ಬಂದುದಾಗಿತ್ತು! ‘ಅಳಿಸು’ ಎಂಬ ಗುಂಡಿಯನ್ನೊತ್ತಿದಾಗ ಆಗುವುದು ಪುಸ್ತಕ ಭಂಡಾರದ ಸೂಚಿಯಿಂದ ಒಂದು ಚೀಟಿಯನ್ನು ಕಿತ್ತಂತೆ. ಪುಸ್ತಕ ಕಪಾಟಿನಲ್ಲೇ ಇರುತ್ತದೆ. ಡಿಸ್ಕಿನ ಮೇಲೆ 35 ಬಾರಿ ಮೇಲ್ಬರೆಹ ಬರೆಯಬೇಕೆಂಬ ನಂಬಿಕೆಯೊಂದು 1996ರ ಒಂದು ಪ್ರಬಂಧದಿಂದ ಹಬ್ಬಿತು. ಇಂದಿನ ಹಾರ್ಡ್ ಡಿಸ್ಕಿಗೆ ಆದಿಯಿಂದ ಅಂತ್ಯದವರೆಗೆ ಒಂದು ಸಲ ಬರೆದರೆ ಸಾಕು. ಎಸ್.ಎಸ್.ಡಿ.ಗೆ ಈ ಉಪಾಯ ನಡೆಯದು. ತನ್ನ ಕೋಶಗಳು ಸಮನಾಗಿ ಸವೆಯಲೆಂದು ಅದು ಹೊಸ ಬರೆಹವನ್ನು ಬೇರೆಡೆಗೆ ಸಾಗಿಸುವುದರಿಂದ, ಅದರೊಳಗೇ ಇರುವ ಅಳಿಸುವ ಆಜ್ಞೆಯನ್ನು ಬಳಸಬೇಕು. ಅಳಿಸಿದ ದಿನ, ಅಳಿಸಿದ ರೀತಿ ಇವೆರಡೂ ಚೀಟಿಯಲ್ಲಿರಲಿ.

ಕದ್ದ ತಂತ್ರಾಂಶವನ್ನು ತುಂಬಿ ಮಾರುವುದನ್ನು ಕುರಿತು ಹೆಚ್ಚು ಬರೆಯಬೇಕಾಗಿಲ್ಲ. ಲಿನಕ್ಸ್ ಧರ್ಮಾರ್ಥವಾಗಿ ದೊರೆಯುವಾಗ ಅದಕ್ಕೆ ನೆಪವೂ ಇಲ್ಲ. ಉಬ್ಬಿದ ಬ್ಯಾಟರಿ, ಸತ್ತ ಬೋರ್ಡುಗಳನ್ನು ಬೀದಿಯ ತೊಟ್ಟಿಗೆ ಎಸೆಯಬಾರದು; ಬೋರ್ಡುಗಳನ್ನು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಸಂಸ್ಥೆಗಳಿಗೆ ಒಪ್ಪಿಸತಕ್ಕದ್ದು. ರ‍್ಯಾಮನ್ನು ಬೋರ್ಡಿಗೇ ಬೆಸೆದು, ಬ್ಯಾಟರಿಯನ್ನು ಅಂಟಿನಿಂದ ಕೂರಿಸಿದ ಈಚಿನ ತೆಳು ಲ್ಯಾಪ್‌ಟಾಪುಗಳನ್ನು ಕೊಳ್ಳುವ ಮುನ್ನ ಎರಡು ಸಲ ಯೋಚಿಸುವುದು ಲೇಸು. ಅಂಥವುಗಳ ತಯಾರಕರು ಮುಂದೆ ದುರಸ್ತಿಗೆ ಬರುವವನ ದಾರಿಯನ್ನು ಮೊದಲೇ ಮುಚ್ಚಿರುತ್ತಾರೆ.

ಆ ತರುಣರು ಚೀಟಿಯ ಕರಡನ್ನು ತಂದು ತೋರಿಸಿದರು. ಅದರಲ್ಲಿ ಎರಡು ಅಂಕಣಗಳಿದ್ದುವು: ಪರೀಕ್ಷಿಸಿದ ಭಾಗ, ಕಂಡುಬಂದ ಅಂಕಿ. ‘ಸರಿಪಡಿಸದೆ ಬಿಟ್ಟ ದೋಷಗಳು’ ಎಂಬ ಮೂರನೆಯದನ್ನು ಸೇರಿಸಿ ಎಂದೆವು. ಇಬ್ಬರ ಮುಖವೂ ಸಣ್ಣಗಾಯಿತು. ‘ದೋಷವನ್ನು ನಾವೇ ಬರೆದುಕೊಟ್ಟರೆ ಕೊಳ್ಳುವವರು ಯಾರು, ಸಾರ್?’ ಎಂದು ಕಿರಿಯವನು ಕೇಳಿದ. ಕೀಲು ಸಡಿಲವಿದೆ ಎಂದು ತಿಳಿದು ಕೊಂಡವನು 500 ರೂಪಾಯಿ ಕಡಮೆ ಕೊಡುತ್ತಾನೆ. ತಿಳಿಯದೆ ಕೊಂಡವನು ಊರಿನ ಹತ್ತು ಮನೆಗಳಿಗೆ ಹೇಳಿ ಬರುತ್ತಾನೆ ಎಂದು ಉತ್ತರ ಕೊಟ್ಟೆವು. ಅವರಿಗೆ ಅದು ಪೂರ್ತಿ ಒಪ್ಪಿಗೆಯಾದಂತೆ ತೋರಲಿಲ್ಲ. ಈಗ ಮಳಿಗೆ ಗೊತ್ತಾಗಿದೆ, ಚೀಟಿಯೂ ಅಚ್ಚಾಗಿ ಬಂದಿದೆ. ಮೂರನೆಯ ಅಂಕಣವನ್ನು ಉಳಿಸಿಕೊಂಡಿದ್ದಾರೆ. ಅದರ ಅಕ್ಷರ ಮಾತ್ರ ಉಳಿದೆರಡಕ್ಕಿಂತ ಸ್ವಲ್ಪ ಸಣ್ಣದಾಗಿದೆ.