ಹಿಂದಿರುಗುವ ವಿವೇಕ

ಮಾರ್ಗಶಿರದ ಮುಂಜಾನೆ ಚಿತ್ರದುರ್ಗದಿಂದ ದಕ್ಷಿಣಕ್ಕೆ ಕಣ್ಣು ಹಾಯಿಸಿದವರಿಗೆ, ಜೋಗಿಮಟ್ಟಿಯ ಬೆಟ್ಟಸಾಲು ಒಂದು ದಿನ ನಿರಭ್ರವಾದ ಆಕಾಶದ ಕೆಳಗೆ ಸ್ಫುಟವಾಗಿ ಗೋಚರಿಸಿದರೆ, ಮರುದಿನ ಅದೇ ಹೊತ್ತಿಗೆ ಅಲ್ಲೊಂದು ಬೆಟ್ಟವುಂಟೆಂಬುದೇ ಸಂದೇಹಾಸ್ಪದವಾಗುವಂತೆ ಮಂಜಿನಲ್ಲಿ ಮುಳುಗಿರುತ್ತದೆ. ಅನಾವೃಷ್ಟಿಗೆ ಹೆಸರಾದ ಈ ಬಯಲುಸೀಮೆಯಲ್ಲಿ ಚಳಿಗಾಲದ ಆಕಾಶವನ್ನು ನಂಬಬಹುದೆಂಬುದು ಹೊರಗಿನವರ ಎಣಿಕೆ. ಆದರೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇಲ್ಲಿಯೂ ಮೋಡ ಕವಿಯುತ್ತದೆ. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ತೀರವನ್ನು ದಾಟಿದ ಫೆಂಗಲ್ ಚಂಡಮಾರುತವು ನಮ್ಮ ದಕ್ಷಿಣ ಒಳನಾಡಿಗೂ ಮಳೆಯನ್ನು ತಂದಿತು. ಹೊಳಲ್ಕೆರೆ, ಹೊಸದುರ್ಗಗಳ ರೈತನು ಇದನ್ನು ಬಲ್ಲನಾದುದರಿಂದಲೇ ಕೊಯ್ದ ರಾಗಿಯನ್ನು ಮೆದೆ ಹಾಕಿ, ಮೋಡ ಕಂಡೊಡನೆ ತಾಡಪಾಲು ಹೊದಿಸುತ್ತಾನೆ. ಆ ದಿನ ಮಳೆ ಬಾರದೆ ಹೋದರೂ ಅವನನ್ನು ಯಾರೂ ಪುಕ್ಕಲನೆನ್ನುವುದಿಲ್ಲ.

ಬೆಟ್ಟವನ್ನೇರುವ ತಂಡಗಳಿಗೆ ಮಾತ್ರ ನಾವು ಈ ನ್ಯಾಯವನ್ನು ಸಲ್ಲಿಸುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಹಿರಿಯೂರು, ಹೊಳಲ್ಕೆರೆಗಳ ಹದಿನಾಲ್ಕು ಮಂದಿ ಸ್ನೇಹಿತರು ಅರಣ್ಯ ಇಲಾಖೆಯ ಅನುಮತಿ ಪಡೆದು, ಆಡುಮಲ್ಲೇಶ್ವರದ ಕಡೆಯಿಂದ ಜೋಗಿಮಟ್ಟಿಗೆ ಹೊರಟೆವು. ಅರ್ಧ ಹಾದಿ ಏರುವಷ್ಟರಲ್ಲಿ ಮಂಜು ಇಳಿದು, ಇಪ್ಪತ್ತು ಮಾರು ಮುಂದಿದ್ದವರ ಬೆನ್ನು ಕಾಣದಾಯಿತು. ಹುಲ್ಲಿನಡಿಯ ಸಡಿಲ ಕಲ್ಲುಗಳು ಒದ್ದೆಯಾಗಿ ಜಾರತೊಡಗಿದವು. ನಮ್ಮೊಡನಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಮಂಡಿಯ ನೋವಿನಿಂದ ಹಿಂದೆ ಬೀಳುತ್ತಿದ್ದರು. ತರುಣರು ಮುಂದೆ ಹೋಗೋಣವೆಂದರು, ಹಿರಿಯರು ಇಳಿಯೋಣವೆಂದರು. ಕೊನೆಗೆ ಎಲ್ಲರೂ ಇಳಿದೆವು. ಬುಡವನ್ನು ಸೇರುವ ಹೊತ್ತಿಗೆ ಮಂಜು ಹರಿದು, ಶಿಖರವು ಎಳೆಬಿಸಿಲಿನಲ್ಲಿ ಹೊಳೆಯುತ್ತಿತ್ತು. ತರುಣರ ಮುಖ ಬಾಡಿತು.

ಆದರೂ ನಮ್ಮ ನಿರ್ಧಾರವು ಸರಿಯಾದುದೇ ಎಂದು ನಾನು ಇಂದಿಗೂ ನಂಬಿದ್ದೇನೆ. ನಿರ್ಧಾರವನ್ನು ತೂಗಬೇಕಾದುದು ಅದನ್ನು ಕೈಗೊಂಡ ಗಳಿಗೆಯಲ್ಲಿ ತಿಳಿದಿದ್ದ ಸಂಗತಿಗಳಿಂದಲೇ ಹೊರತು ಅನಂತರ ಮೂಡಿದ ಬಿಸಿಲಿನಿಂದಲ್ಲ. ಕರಡಿ ಚಿರತೆಗಳ ಈ ಕಾಡಿನಲ್ಲಿ, ಡಿಸೆಂಬರ್ ಮೊದಲ ವಾರ ಸಂಜೆ ಆರಕ್ಕೆ ಮುನ್ನವೇ ಸೂರ್ಯಾಸ್ತವಾಗುವ ದಿನಗಳಲ್ಲಿ, ಮಂಜಿನ ನಡುವೆ ಎರಡಾಗಿ ಒಡೆದ ತಂಡವು ತಂಡವೇ ಅಲ್ಲ.

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದಲ್ಲಿ ಜನಜಂಗುಳಿ ನೆರೆದ ಬಳಿಕ ಸರ್ಕಾರವು ಚಾರಣಕ್ಕೆ ಆನ್‌ಲೈನ್ ನೋಂದಣಿಯ ನಿಯಮವನ್ನು ತಂದುದು ಉಚಿತವೇ. ಆದರೆ ಕಾಯಿದೆಯು ನಡೆಯುವವರ ಸಂಖ್ಯೆಯನ್ನು ನಿಯಂತ್ರಿಸೀತು. ಅವರು ಪರಸ್ಪರ ಪಾಲಿಸಬೇಕಾದ ಧರ್ಮವನ್ನು ಅವರೇ ರೂಢಿಸಿಕೊಳ್ಳಬೇಕು. ಹಿಂದಿರುಗುವ ಹೊತ್ತನ್ನು ಬೆಟ್ಟದ ಬುಡದಲ್ಲಿಯೇ ಗೊತ್ತುಮಾಡಿರಬೇಕು. ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಡಬೇಕು. ಇಳಿಯೋಣವೆಂದು ಒಬ್ಬರೇ ಕೇಳಿದರೂ, ಬಹುಮತದ ಗೊಡವೆಯಿಲ್ಲದೆ ಎಲ್ಲರೂ ಇಳಿಯಬೇಕು. 1933ರಲ್ಲಿ ತುಂಬಿದ್ದ ವಾಣಿವಿಲಾಸ ಸಾಗರವು ಮತ್ತೊಮ್ಮೆ ಕೋಡಿ ಬೀಳುವುದನ್ನು ಕಾಣಲು 2022ರವರೆಗೆ ಕಾದ ಜಿಲ್ಲೆ ಇದು. ಒಂದು ಶಿಖರಕ್ಕಾಗಿ ಮುಂದಿನ ಭಾನುವಾರದವರೆಗೆ ಕಾಯುವುದು ನಮಗೆ ಭಾರವಾಗಬಾರದು.

ಅಂದು ಇಳಿಯುವ ಹಾದಿಯುದ್ದಕ್ಕೂ ಆ ಶಿಕ್ಷಕಿಯು “ನನ್ನಿಂದ ನಿಮಗೆಲ್ಲ ಕೆಟ್ಟಿತಲ್ಲಪ್ಪ” ಎಂದು ಕ್ಷಮೆ ಯಾಚಿಸುತ್ತಲೇ ಇದ್ದರು. ಶಿಖರ ತಪ್ಪಿದ ವ್ಯಥೆ ನನ್ನಲ್ಲಿ ಉಳಿದಿಲ್ಲ. ಅವರು ಹಾಗೆ ಕ್ಷಮೆ ಕೇಳುವಂತೆ ನಾವು ನಡೆದುಕೊಂಡೆವಲ್ಲ ಎಂಬ ವ್ಯಥೆ ಉಳಿದಿದೆ.