ಬೆಂಬಲ ನಿಂತ ಮೇಲೆ ಬೀಗದ ಕೈ ಯಾರಲ್ಲಿರಬೇಕು?

2025ನೆಯ ಇಸವಿಯಲ್ಲಿ, ಪರಸ್ಪರ ಸಂಬಂಧವಿಲ್ಲದ ಎರಡು ಸಂಸ್ಥೆಗಳ ಎರಡು ನಿರ್ಧಾರಗಳು ಒಂದೇ ಯಂತ್ರದ ಮೇಲೆ ಬಂದು ಬಿದ್ದವು. ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಲಿನಕ್ಸಿಗೆಂದು ಎನ್‌ವಿಡಿಯಾ ಒದಗಿಸುವ ಗ್ರಾಫಿಕ್ಸ್ ಡ್ರೈವರುಗಳಲ್ಲಿ 580ನೆಯ ಶ್ರೇಣಿಯೇ ಮ್ಯಾಕ್ಸ್‌ವೆಲ್, ಪ್ಯಾಸ್ಕಲ್, ವೋಲ್ಟಾ ಎಂಬ ಮೂರು ಪೀಳಿಗೆಯ ಚಿಪ್ಪುಗಳಿಗೆ ಕಡೆಯದೆಂದು ಅದೇ ವರ್ಷ ಗೊತ್ತಾಯಿತು. 2017ರ ಸುಮಾರಿಗೆ ಮಾರಾಟವಾದ, ಇಂಟೆಲ್ ಐ5-7300ಎಚ್‌ಕ್ಯೂ ಪ್ರೊಸೆಸರನ್ನೂ ಎನ್‌ವಿಡಿಯಾ ಜಿಟಿಎಕ್ಸ್ 1050 ಗ್ರಾಫಿಕ್ಸ್ ಚಿಪ್ಪನ್ನೂ ಒಡಲಲ್ಲಿ ಧರಿಸಿದ ಲ್ಯಾಪ್‌ಟಾಪನ್ನು ಇಟ್ಟುಕೊಂಡವರ ಸ್ಥಿತಿಯನ್ನು ಈಗ ಆಲೋಚಿಸಬೇಕು. ವಿಂಡೋಸ್ 11 ಆ ಪ್ರೊಸೆಸರನ್ನು ತನ್ನ ಅಂಗೀಕೃತ ಪಟ್ಟಿಯೊಳಗೆ ಸೇರಿಸಿಲ್ಲ. ಯಂತ್ರವಾದರೋ ಕೆಟ್ಟಿಲ್ಲ, ವಿದ್ಯಾರ್ಥಿಯೊಬ್ಬನ ಪ್ರೋಗ್ರಾಮಿಂಗ್ ಅಭ್ಯಾಸಕ್ಕೂ, ಬರೆವಣಿಗೆಗೂ, ಚಿತ್ರ ಹಾಗೂ ವಿಡಿಯೋಗಳ ಸಂಸ್ಕರಣಕ್ಕೂ ಧಾರಾಳವಾಗಿ ಸಾಕಾಗುವಷ್ಟು ಶಕ್ತಿ ಅದರಲ್ಲಿ ಇನ್ನೂ ಇದೆ. ಬಲ್ಲವರೆಲ್ಲ ಅದರ ಒಡೆಯನಿಗೆ ಕೊಡುವ ಸಲಹೆ ಒಂದೇ: ಲಿನಕ್ಸ್ ಹಾಕಿಕೊ. ಸಲಹೆ ಸರಿಯಾದದ್ದೇ. ಆದರೆ ಅದನ್ನು ಪಾಲಿಸಹೊರಟವನಿಗೆ, ಹಣ ಕೊಟ್ಟು ಕೊಂಡ ಯಂತ್ರದಲ್ಲಿರುವ ಎರಡು ಗ್ರಾಫಿಕ್ಸ್ ಪ್ರೊಸೆಸರುಗಳಲ್ಲಿ ಎನ್‌ವಿಡಿಯಾದ್ದು ಇನ್ನು ಕೆಲವು ವರ್ಷಗಳಲ್ಲಿ ನಿಷ್ಪ್ರಯೋಜಕವಾಗಲಿದೆಯೆಂಬ ಸಂಗತಿಯನ್ನು ಯಾರೂ ಮುಂಚಿತವಾಗಿ ತಿಳಿಸುವುದಿಲ್ಲ.

ತಯಾರಿಸಿದ ಪ್ರತಿಯೊಂದು ಚಿಪ್ಪಿಗೂ ಯಾವಜ್ಜೀವವೂ ಡ್ರೈವರ್ ಬರೆದುಕೊಡುತ್ತಲೇ ಇರಬೇಕೆಂದು ಯಾವ ಸಂಸ್ಥೆಯನ್ನೂ ನಾನು ಒತ್ತಾಯಿಸುವುದಿಲ್ಲ. ಅದು ನ್ಯಾಯವೂ ಅಲ್ಲ, ಸಾಧ್ಯವೂ ಅಲ್ಲ. ನನ್ನ ವಾದ ಅದಕ್ಕಿಂತ ಬಹಳ ಚಿಕ್ಕದು: ಇನ್ನು ಈ ಚಿಪ್ಪಿನ ಗೊಡವೆ ತನಗೆ ಬೇಡವೆಂದು ಸಂಸ್ಥೆಯು ಕೈತೊಳೆದುಕೊಳ್ಳುವ ದಿನ, ಅದನ್ನು ನಡೆಸುವುದಕ್ಕೆ ಅವಶ್ಯವಾದ ಜ್ಞಾನವನ್ನೂ, ಆ ಜ್ಞಾನಕ್ಕೆ ಹಾಕಿರುವ ಬೀಗದ ಕೈಯನ್ನೂ, ನಡೆಸಲು ಸಿದ್ಧರಾಗಿರುವವರ ಕೈಗೆ ಒಪ್ಪಿಸಿಯೇ ಹೋಗತಕ್ಕದ್ದು.

ಎರಡು ಗ್ರಾಫಿಕ್ಸ್ ಪ್ರೊಸೆಸರುಗಳಿರುವ ಲ್ಯಾಪ್‌ಟಾಪಿನ ರಚನೆಯನ್ನು ತುಸು ವಿವರಿಸದೆ ಈ ಮಾತು ಸ್ಪಷ್ಟವಾಗಲಾರದು. ಇಂಟೆಲ್ ಪ್ರೊಸೆಸರಿನೊಳಗೇ ಅಡಕವಾಗಿರುವ ಗ್ರಾಫಿಕ್ಸ್ ಭಾಗ ಕಡಮೆ ವಿದ್ಯುತ್ತನ್ನು ಉಣ್ಣುತ್ತದೆ. ಪ್ರತ್ಯೇಕವಾದ ಎನ್‌ವಿಡಿಯಾ ಚಿಪ್ಪು ಹೆಚ್ಚು ಶಕ್ತಿಯುಳ್ಳದ್ದು, ಹೆಚ್ಚು ಬಿಸಿಯಾಗತಕ್ಕದ್ದು, ಬ್ಯಾಟರಿಯನ್ನು ಬೇಗ ಬರಿದುಮಾಡುವಂಥದು. ಸಾಮಾನ್ಯ ಕೆಲಸಕ್ಕೆ ಮೊದಲನೆಯದನ್ನೂ ಭಾರವಾದ ಕೆಲಸಕ್ಕೆ ಎರಡನೆಯದನ್ನೂ ಬಳಸಿಕೊಳ್ಳುವ ಏರ್ಪಾಡಿಗೆ ಎನ್‌ವಿಡಿಯಾ 2010ರಲ್ಲಿ ಆಪ್ಟಿಮಸ್ ಎಂದು ಹೆಸರಿಟ್ಟಿತು. ಇಂಥ ಬಹುತೇಕ ಯಂತ್ರಗಳಲ್ಲಿ ಲ್ಯಾಪ್‌ಟಾಪಿನ ಪರದೆಗೆ ತಂತಿ ಹೋಗಿರುವುದು ಇಂಟೆಲ್ ಭಾಗದಿಂದ ಮಾತ್ರ. ಎನ್‌ವಿಡಿಯಾ ಚಿಪ್ಪು ಚಿತ್ರವನ್ನು ರಚಿಸಿ ಇಂಟೆಲ್ಲಿನ ಸ್ಮೃತಿಗೆ ನಕಲು ಮಾಡಿದರೆ ಮಾತ್ರ ಅದು ಕಣ್ಣಿಗೆ ಕಾಣಿಸೀತು. ಆದುದರಿಂದ ಒಂದು ಸಂಸ್ಥೆಯ ಡ್ರೈವರು ಇನ್ನೊಂದು ಸಂಸ್ಥೆಯ ಡ್ರೈವರಿನೊಡನೆ ಕ್ಷಣಕ್ಷಣವೂ ಕೈಜೋಡಿಸಬೇಕಾಗುತ್ತದೆ. ಒಂದರ ಆಕರ ಸಂಕೇತ ಎಲ್ಲರ ಮುಂದೆ ತೆರೆದಿದ್ದು ಇನ್ನೊಂದರದು ಮುಚ್ಚಿದ್ದಾಗ ಆ ಸಹಕಾರ ಎಷ್ಟು ಕಷ್ಟವೆಂಬುದನ್ನು ಲಿನಕ್ಸ್ ಬಳಕೆದಾರರು ಹದಿನೈದು ವರ್ಷಗಳಿಂದ ಕಂಡಿದ್ದಾರೆ.

2012ರ ಜೂನ್ ತಿಂಗಳಲ್ಲಿ ಫಿನ್‌ಲೆಂಡಿನ ಆಲ್ಟೋ ವಿಶ್ವವಿದ್ಯಾನಿಲಯದ ಸಭೆಯೊಂದರಲ್ಲಿ ಲಿನಕ್ಸಿನ ಜನಕ ಲಿನಸ್ ಟೋರ್ವಾಲ್ಡ್ಸ್ ಎನ್‌ವಿಡಿಯಾದ ಕುರಿತು ಆಡಿದ ಕಟುವಚನವೂ, ಕ್ಯಾಮೆರಾದ ಕಡೆಗೆ ತೋರಿದ ಅಸಭ್ಯ ಸಂಜ್ಞೆಯೂ ಜಗತ್ತಿಗೆಲ್ಲ ಪರಿಚಿತ. ಆ ಸಂಜ್ಞೆಯನ್ನು ನಾನು ಸಮರ್ಥಿಸಲಾರೆ. ಆದರೆ ಸಂಜ್ಞೆಯ ಸದ್ದಿನಲ್ಲಿ ಅಡಗಿಹೋದದ್ದು, ಅದಕ್ಕೆ ನಿಮಿತ್ತವಾದ ಪ್ರಶ್ನೆ. ಸಭೆಯಲ್ಲಿದ್ದ ಮಹಿಳೆಯೊಬ್ಬರು ಕೇಳಿದ್ದು ಆಪ್ಟಿಮಸ್ ಇರುವ ತಮ್ಮ ಲ್ಯಾಪ್‌ಟಾಪ್ ಲಿನಕ್ಸಿನಲ್ಲಿ ಸರಿಯಾಗಿ ನಡೆಯದ ಬಗೆಗೆ. ಆ ಕಾಲಕ್ಕೆ ಅವರಿಗಿದ್ದ ಆಸರೆಯೆಂದರೆ ಬಂಬಲ್‌ಬೀ ಎಂಬ ಸ್ವಯಂಸೇವಕರ ತಂತ್ರಾಂಶ. ಅದರ ಸ್ಥಾಪನೆಯ ಸ್ಕ್ರಿಪ್ಟಿನಲ್ಲಿ, ಅಳಿಸಬೇಕಾದ ಕಡತದ ಹಾದಿಯ ನಡುವೆ, ‘ಯುಎಸ್‌ಆರ್’ ಎಂಬುದರ ಬಳಿಕ ಒಂದೇ ಒಂದು ಖಾಲಿ ಜಾಗ ಅಕಸ್ಮಾತ್ತಾಗಿ ಸೇರಿಕೊಂಡದ್ದರಿಂದ, ಆ ಹೆಸರಿನ ಕೋಶವೇ, ಅಂದರೆ ವ್ಯವಸ್ಥೆಯ ಬಹುಪಾಲು ತಂತ್ರಾಂಶಗಳೆಲ್ಲವೂ, ಸ್ಥಾಪಿಸಹೋದವರ ಗಣಕಗಳಿಂದ ಅಳಿಸಿಹೋದ ಘಟನೆ 2011ರಲ್ಲಿ ನಡೆಯಿತು. ತಪ್ಪು ಸ್ವಯಂಸೇವಕರದೇ, ಅದನ್ನು ಅವರು ಒಪ್ಪಿ ತಿದ್ದಿದರು. ಆದರೂ ಚಿಪ್ಪನ್ನು ಮಾಡಿ ಮಾರಿದವರು ಮೌನವಾಗಿದ್ದಾಗ, ಬಿಡುವಿನ ವೇಳೆಯಲ್ಲಿ ದುಡಿಯುವ ಕೆಲವರು, ಇಡೀ ವ್ಯವಸ್ಥೆಯ ಅಧಿಕಾರವನ್ನು ಕೈಗೆ ತೆಗೆದುಕೊಂಡು, ಆ ಕೊರತೆಯನ್ನು ತುಂಬಲು ಹೊರಡಬೇಕಾದ ಸನ್ನಿವೇಶವನ್ನು ಉಂಟುಮಾಡಿದವರು ಯಾರೆಂದು ಕೇಳಬೇಡವೇ?

ಇಂದಿನ ಸ್ಥಿತಿ ಅಷ್ಟು ಶೋಚನೀಯವಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಲಿನಕ್ಸಿನ ಒಂದು ರೂಪವಾದ ಉಬುಂಟುವಿನಲ್ಲಿ ಒಂದು ಆಜ್ಞೆಯಿಂದ ಡ್ರೈವರನ್ನು ಸ್ಥಾಪಿಸಬಹುದು. ‘ಪ್ರೈಮ್-ಸೆಲೆಕ್ಟ್’ ಎಂಬ ಆಜ್ಞೆಗೆ ಇಂಟೆಲ್, ಎನ್‌ವಿಡಿಯಾ, ಆನ್-ಡಿಮ್ಯಾಂಡ್ ಎಂಬ ಮೂರು ಮಾತುಗಳಲ್ಲಿ ಒಂದನ್ನು ಸೇರಿಸಿ ಯಾವ ಪ್ರೊಸೆಸರ್ ದುಡಿಯಬೇಕೆಂದು ಗೊತ್ತುಮಾಡಬಹುದು. 2019ರ 435ನೆಯ ಶ್ರೇಣಿಯಿಂದೀಚೆಗೆ ಬೇಕಾದ ಒಂದು ಪ್ರೋಗ್ರಾಮನ್ನು ಮಾತ್ರ ಎನ್‌ವಿಡಿಯಾ ಚಿಪ್ಪಿನಲ್ಲಿ ನಡೆಸುವ ಸೌಕರ್ಯವೂ ದೊರೆತಿದೆ. ಆದರೆ ಹೊಸಬನಿಗೆ ಮೊದಲ ದಿನವೇ ಎದುರಾಗುವುದು ಬೇರೆಯೇ ದೃಶ್ಯ. ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಚಾಲನೆಯಲ್ಲಿದ್ದರೆ, ಡ್ರೈವರ್ ಸ್ಥಾಪಿಸುವಾಗ ಅವನಿಂದ ಒಂದು ಪಾಸ್‌ವರ್ಡ್ ಕೇಳಲಾಗುತ್ತದೆ. ಮರಳಿ ಆರಂಭಿಸಿದಾಗ, ಒಂದೂ ಪರಿಚಿತ ಗುರುತಿಲ್ಲದ ನೀಲಿಯ ಪರದೆಯೊಂದು ಮೂಡಿ, ‘ಎನ್‌ರೋಲ್ ಎಂಒಕೆ’ ಎಂಬ ಸಾಲನ್ನು ಆರಿಸಿ ಆ ಪಾಸ್‌ವರ್ಡನ್ನು ಪುನಃ ನೀಡೆನ್ನುತ್ತದೆ. ಅದರ ಅರ್ಥ ತಿಳಿಯದೆ ‘ಕಂಟಿನ್ಯೂ’ ಒತ್ತಿದನೆಂದರೆ, ಎಲ್ಲವೂ ಸ್ಥಾಪಿತವಾದಂತೆ ತೋರಿಯೂ ಡ್ರೈವರ್ ಕರ್ನೆಲ್ಲಿನೊಳಕ್ಕೆ, ಅಂದರೆ ಲಿನಕ್ಸಿನ ತಿರುಳಿನೊಳಕ್ಕೆ, ಪ್ರವೇಶಿಸುವುದಿಲ್ಲ. ಪ್ರವೇಶಿಸಿದರೂ, ಕರ್ನೆಲ್ ಹೊಸದಾದಾಗಲೆಲ್ಲ ಆ ಡ್ರೈವರನ್ನು ಅದಕ್ಕೆ ಹೊಂದುವಂತೆ ಪುನಃ ಕಟ್ಟಬೇಕು. ಕಟ್ಟುವ ಕಾರ್ಯ ಎಲ್ಲಿಯಾದರೂ ವಿಫಲವಾದರೆ, ನಿನ್ನೆಯವರೆಗೆ ಸರಿಯಾಗಿದ್ದ ಯಂತ್ರ ಇಂದು ಕಪ್ಪು ಪರದೆಯನ್ನು ತೋರಿಸಿ ನಿಲ್ಲುತ್ತದೆ.

ಇಲ್ಲಿ ಕರ್ನೆಲ್ ಅಭಿವೃದ್ಧಿಕಾರರ ಮೇಲೆಯೇ ದೋಷ ಹೊರಿಸುವವರುಂಟು. ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸ ಕರ್ನೆಲ್ ಹೊರತಂದು, ಒಳಗಿನ ಸಂಪರ್ಕಸೂತ್ರಗಳನ್ನು ಬೇಕಾದಂತೆ ಬದಲಿಸುತ್ತ ಹೋದರೆ ಹೊರಗಿನ ಡ್ರೈವರುಗಳು ಹೇಗೆ ಬದುಕಬೇಕೆಂಬುದು ಅವರ ಆಕ್ಷೇಪ. ಬಳಕೆದಾರನ ನೋವು ನಿಜವಾದರೂ ಆಕ್ಷೇಪ ನಿಲ್ಲುವುದಿಲ್ಲ. ಕರ್ನೆಲ್ಲಿನ ಒಳಗೇ ಇರುವ ಡ್ರೈವರನ್ನು, ಸೂತ್ರವನ್ನು ಬದಲಿಸಿದವರೇ ತಿದ್ದಿಕೊಡುತ್ತಾರೆ. ಅನೇಕ ಹಳೆಯ ಯಂತ್ರಾಂಶಗಳು ಇಂದಿಗೂ ಲಿನಕ್ಸಿನಲ್ಲಿ ನಡೆಯುತ್ತಿರುವುದು ಈ ಕ್ರಮದಿಂದಲೇ. ಹೊರಗೆ ನಿಲ್ಲುವೆನೆಂದವರು ಆ ಪ್ರಯೋಜನವನ್ನು ತಾವಾಗಿಯೇ ಬಿಟ್ಟುಕೊಟ್ಟವರು, ಮತ್ತು ಅದರ ಬೆಲೆಯನ್ನು ತೆತ್ತವರು ಅವರಲ್ಲ, ಅವರ ಗಿರಾಕಿಗಳು.

ಸಂಸ್ಥೆಯ ಡ್ರೈವರ್ ಬೇಡವಾದರೆ ನೂವೋ ಇದೆಯಲ್ಲವೇ ಎಂದು ಕೇಳಬಹುದು. ಚಿಪ್ಪಿನ ವರ್ತನೆಯನ್ನು ಹೊರಗಿನಿಂದ ಗಮನಿಸಿ, ಅದರ ಒಳಗನ್ನು ಊಹಿಸಿ, ಸ್ವಯಂಸೇವಕರು ಬರೆದ ಈ ಮುಕ್ತ ಡ್ರೈವರ್ 2010ರಲ್ಲಿ 2.6.33ನೆಯ ಕರ್ನೆಲ್ಲಿನಲ್ಲಿ ಸ್ಥಾನ ಪಡೆಯಿತು; ನಮ್ಮ ಕಾಲದ ತಂತ್ರಾಂಶ ಸಾಹಸಗಳಲ್ಲಿ ಅದಕ್ಕೆ ಎಣೆಯಾದುವು ಕೆಲವೇ. ಆದರೆ 2014ರಲ್ಲಿ ಬಂದ ಎರಡನೆಯ ಮ್ಯಾಕ್ಸ್‌ವೆಲ್ ಪೀಳಿಗೆಯಿಂದ ಎನ್‌ವಿಡಿಯಾ ಒಂದು ಹೊಸ ನಿಯಮವನ್ನು ಸಿಲಿಕಾನಿನಲ್ಲಿಯೇ ಕೊರೆದಿಟ್ಟಿತು: ತನ್ನ ಡಿಜಿಟಲ್ ಸಹಿಯಿಲ್ಲದ ಫರ್ಮ್‌ವೇರಿಗೆ, ಅಂದರೆ ಚಿಪ್ಪಿನೊಳಗೇ ನಡೆಯುವ ತಂತ್ರಾಂಶಕ್ಕೆ, ಚಿಪ್ಪಿನ ಮುಖ್ಯವಾದ ಅಧಿಕಾರಗಳು ದೊರೆಯವು. ಚಿತ್ರರಚನೆಗೆ ಬೇಕಾದ ಕೆಲವು ಸಹಿಯುಳ್ಳ ಕಡತಗಳನ್ನು ಸಂಸ್ಥೆ ಆಮೇಲೆ ಕೊಟ್ಟಿತೆಂಬುದು ನಿಜ. ಚಿಪ್ಪಿನ ವೇಗವನ್ನು ಏರಿಸಿ ಇಳಿಸುವ ಘಟಕದ ಕಡತವನ್ನು ಮಾತ್ರ ಕೊಡಲಿಲ್ಲ. ಇದರ ಫಲವಾಗಿ ಜಿಟಿಎಕ್ಸ್ 1050ರಂಥ ಪ್ಯಾಸ್ಕಲ್ ಚಿಪ್ಪು ನೂವೋದ ಕೈಯಲ್ಲಿ, ಯಂತ್ರವನ್ನು ಹೊತ್ತಿಸಿದಾಗ ಇದ್ದ ಮಂದಗತಿಯಲ್ಲಿಯೇ ಸದಾ ಉಳಿಯುತ್ತದೆ. ಅಭಿವೃದ್ಧಿಕಾರರಿಗೆ ಬುದ್ಧಿ ಸಾಲದೆಂದಲ್ಲ, ಶ್ರಮ ಸಾಲದೆಂದೂ ಅಲ್ಲ. ಗಣಿತದ ಬೀಗವನ್ನು ಊಹೆಯಿಂದ ತೆರೆಯಲು ಬಾರದು. ಮನೆಯನ್ನು ಪೂರ್ಣ ಕ್ರಯಕ್ಕೆ ಮಾರಿ, ಒಂದು ಕೋಣೆಯ ಬೀಗದ ಕೈಯನ್ನು ತಾನೇ ಇಟ್ಟುಕೊಂಡು, ಕೆಲವು ವರ್ಷಗಳಾದ ಮೇಲೆ ಆ ಕೋಣೆಯನ್ನು ತೆರೆಯಲು ಇನ್ನು ಬರುವುದಿಲ್ಲವೆಂದು ಹೇಳಿಕಳಿಸಿದವನನ್ನು ನಮ್ಮ ಸಮಾಜ ಒಪ್ಪುತ್ತಿತ್ತೇ?

ಸಂಸ್ಥೆಯ ಪರವಾಗಿ ಮೂರು ಸಮಾಧಾನಗಳನ್ನು ಹೇಳುವುದುಂಟು. ಕಡಮೆ ಬೆಲೆಯ ಕಾರ್ಡಿಗೆ ಬೇರೆ ಫರ್ಮ್‌ವೇರ್ ತುಂಬಿ ಹೆಚ್ಚಿನದೆಂದು ಮಾರುವ ವಂಚಕರನ್ನು ಸಹಿ ತಡೆಯುತ್ತದೆ ಎಂಬುದು ಮೊದಲನೆಯದು. ತಡೆಯಲಿ, ಸಂಸ್ಥೆಯೇ ಸಹಿ ಮಾಡಿದ ಕಡತವನ್ನು ಹಂಚಿಕೊಳ್ಳಲು ಅನುಮತಿಸಿದರೆ ಆ ತಡೆಗೆ ಭಂಗವೇನೂ ಬಾರದು. ವ್ಯಾಪಾರದ ರಹಸ್ಯ ಬಯಲಾಗುವುದೆಂಬುದು ಎರಡನೆಯದು. 2016ರಲ್ಲಿ ಹೊರಬಂದು, ಸಂಸ್ಥೆಯೇ ತನ್ನ ಕಾರ್ಯಕ್ಷೇತ್ರದಿಂದ ಹೊರಗಿಟ್ಟ ಪೀಳಿಗೆಯ ವೇಗನಿಯಂತ್ರಣದಲ್ಲಿ, ಜಗತ್ತಿನ ಅತ್ಯಂತ ಶ್ರೀಮಂತ ಸಂಸ್ಥೆಗಳಲ್ಲೊಂದಕ್ಕೆ ನಷ್ಟವುಂಟುಮಾಡುವ ರಹಸ್ಯ ಯಾವುದು ಉಳಿದಿರಬಹುದೆಂದು ನನಗೆ ಹೊಳೆಯುವುದಿಲ್ಲ. ಹೀಗೆ ಬೀಗ ತೆರೆದುಕೊಡುವುದು ಉದ್ಯಮದಲ್ಲಿ ನಡೆಯತಕ್ಕದ್ದಲ್ಲವೆಂಬುದು ಮೂರನೆಯದು. ಇದಕ್ಕೆ ಉತ್ತರವನ್ನು ಪ್ರತಿಸ್ಪರ್ಧಿಯೇ ಕೊಟ್ಟಾಗಿದೆ. 2006ರಲ್ಲಿ ಗ್ರಾಫಿಕ್ಸ್ ಚಿಪ್ಪುಗಳ ತಯಾರಕ ಎಟಿಐಯನ್ನು ಕೊಂಡ ಎಎಂಡಿ, ಮರುವರ್ಷವೇ ತನ್ನ ಚಿಪ್ಪುಗಳ ವಿವರಗಳನ್ನು ಪ್ರಕಟಿಸತೊಡಗಿತು. 2015ರಲ್ಲಿ ಅದರ ಎಎಂಡಿಜಿಪಿಯು ಡ್ರೈವರ್ ಕರ್ನೆಲ್ಲಿನ ಅಂಗವೇ ಆಯಿತು. ಎಎಂಡಿಯ ಫರ್ಮ್‌ವೇರೂ ಮುಚ್ಚಿದ್ದೇ, ನಿಜ. ಆದರೆ ಅದನ್ನು ಯಾರು ಬೇಕಾದರೂ ಹಂಚಬಹುದು, ಮತ್ತು ಅದರೊಡನೆ ಚಿಪ್ಪು ಪೂರ್ಣವೇಗದಲ್ಲಿ ನಡೆಯುತ್ತದೆ. ಹಾಗೆ ಮಾಡಿದ್ದರಿಂದ ಎಎಂಡಿ ದಿವಾಳಿಯಾಗಲಿಲ್ಲ.

ಎನ್‌ವಿಡಿಯಾ 2022ರ ಮೇ ತಿಂಗಳಿನಲ್ಲಿ, 515ನೆಯ ಶ್ರೇಣಿಯೊಡನೆ, ತನ್ನ ಕರ್ನೆಲ್ ಮಾಡ್ಯೂಲುಗಳ ಆಕರ ಸಂಕೇತವನ್ನು ಪ್ರಕಟಿಸಿದಾಗ ನಾನೂ ಹರ್ಷಪಟ್ಟವರಲ್ಲೊಬ್ಬ. ಇಂದಿಗೂ ಅದನ್ನು ಸಣ್ಣ ಸಂಗತಿಯೆಂದು ಹೇಳೆನು. ಆದರೆ ಆ ಔದಾರ್ಯದ ಗಡಿರೇಖೆ ಎಲ್ಲಿದೆಯೆಂದು ನೋಡಬೇಕು. ಅದು ಅನ್ವಯವಾಗುವುದು 2018ರ ಟ್ಯೂರಿಂಗ್ ಪೀಳಿಗೆಗೆ ಮತ್ತು ಅದರಿಂದೀಚಿನವಕ್ಕೆ ಮಾತ್ರ. ಏಕೆಂದರೆ ಟ್ಯೂರಿಂಗಿನಿಂದ ಚಿಪ್ಪಿನೊಳಗೆ ಜಿಎಸ್‌ಪಿ ಎಂಬ ಚಿಕ್ಕ ಪ್ರೊಸೆಸರೊಂದು ನೆಲೆಸಿದೆ. ಮೊದಲು ಡ್ರೈವರಿನಲ್ಲಿದ್ದ ರಹಸ್ಯಗಳಲ್ಲಿ ಬಹಳಷ್ಟು ಅದರ ಫರ್ಮ್‌ವೇರಿಗೆ, ಹತ್ತಾರು ಮೆಗಾಬೈಟುಗಳ ಮುಚ್ಚಿದ ಕಡತಕ್ಕೆ, ವಾಸ ಬದಲಿಸಿದ ಮೇಲೆಯೇ ಹೊರಬಾಗಿಲು ತೆರೆದದ್ದು. ಹಾಗಿದ್ದೂ ಅದರಿಂದ ಆದ ಒಳಿತು ಅಪಾರ: 2024ರ ಆರಂಭದಲ್ಲಿ ಬಂದ 6.7ನೆಯ ಕರ್ನೆಲ್ಲಿನಿಂದ, ಅದೇ ಫರ್ಮ್‌ವೇರಿನ ನೆರವಿನಿಂದ, ನೂವೋ ಟ್ಯೂರಿಂಗ್ ಚಿಪ್ಪಿನ ವೇಗವನ್ನು ಏರಿಸಬಲ್ಲುದು. ಎನ್‌ವಿಕೆ ಎಂಬ ಮುಕ್ತ ಗ್ರಾಫಿಕ್ಸ್ ಡ್ರೈವರ್ ಅದರ ಮೇಲೆ ಬೆಳೆದಿದೆ. ನೋವಾ ಎಂಬ ಹೊಸದು ರಸ್ಟ್ ಭಾಷೆಯಲ್ಲಿ ಸಿದ್ಧವಾಗುತ್ತಿದೆ. ಒಂದು ಕಡತವನ್ನು ಹಂಚಲು ಅನುಮತಿಯಿತ್ತರೆ ಮುಕ್ತ ತಂತ್ರಾಂಶದವರು ಏನನ್ನು ಸಾಧಿಸಬಲ್ಲರೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ. ಎರಡನೆಯ ಮ್ಯಾಕ್ಸ್‌ವೆಲ್ಲಿನಿಂದ ವೋಲ್ಟಾದವರೆಗಿನ ಚಿಪ್ಪುಗಳು ಮಾತ್ರ ನಡುವೆ ಸಿಕ್ಕಿಬಿದ್ದಿವೆ: ಅದಕ್ಕೂ ಹಿಂದಿನವುಗಳಂತೆ ಸಹಿಯಿಲ್ಲದೆ ನಡೆಯುವಷ್ಟು ಹಳೆಯವಲ್ಲ, ಜಿಎಸ್‌ಪಿ ಇರುವಷ್ಟು ಹೊಸವೂ ಅಲ್ಲ.

ಬೆಂಬಲ ನಿಂತ ಬಳಿಕ ಏನಾಗುತ್ತದೆಂಬುದಕ್ಕೂ ಉದಾಹರಣೆ ಕಣ್ಣೆದುರಿಗಿದೆ. ಆಪ್ಟಿಮಸ್ಸಿನ ಮೊದಲ ವರ್ಷಗಳ ಲ್ಯಾಪ್‌ಟಾಪುಗಳಲ್ಲಿದ್ದ ಫರ್ಮಿ ಚಿಪ್ಪುಗಳಿಗೆ 390ನೆಯ ಶ್ರೇಣಿ ಕೊನೆಯದಾಗಿತ್ತು. 2022ರ ಅಂತ್ಯಕ್ಕೆ ಅದರ ಬೆಂಬಲವೂ ಮುಗಿಯಿತು. ಅಂದಿನಿಂದ ಸ್ವಯಂಸೇವಕರು, ಆ ಡ್ರೈವರಿನ ಹೊರಮೈಯಲ್ಲಿ ತೆರೆದಿರುವ ತೆಳುವಾದ ಸಂಕೇತಪದರಕ್ಕೆ ಹೊಸ ಹೊಸ ಕರ್ನೆಲ್ಲುಗಳಿಗಾಗಿ ತೇಪೆ ಹಾಕುತ್ತ ಅದನ್ನು ಉಸಿರಾಡಿಸುತ್ತಿದ್ದಾರೆ. ಒಳಗಿನ ಮುಚ್ಚಿದ ಭಾಗವನ್ನು ಅವರು ಮುಟ್ಟಲಾರರು. ಕರ್ನೆಲ್ಲಿನ ಪರಮಾಧಿಕಾರದೊಡನೆ ನಡೆಯುವ ಆ ಭಾಗದಲ್ಲಿ ನಾಳೆ ಭದ್ರತೆಯ ದೋಷವೊಂದು ಕಂಡುಬಂದರೆ ಅದನ್ನು ಸರಿಪಡಿಸುವ ಶಕ್ತಿ ಸಂಸ್ಥೆಯ ಹೊರಗೆ ಯಾರಿಗೂ ಇಲ್ಲ, ಸಂಸ್ಥೆಯೊಳಗೆ ಆ ಹೊಣೆ ಯಾರಿಗೂ ಇಲ್ಲ. ಪ್ಯಾಸ್ಕಲ್ ಚಿಪ್ಪುಗಳು ಈಗ ಹೊರಟಿರುವುದು ಇದೇ ಹಾದಿಯಲ್ಲಿ.

ಇದು ದೂರದೇಶದ ತಂತ್ರಜ್ಞರ ಜಗಳವಷ್ಟೇ ಎಂದು ನಾವು ಸುಮ್ಮನಿರುವಂತಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವ ವಿದ್ಯಾರ್ಥಿಗೆ ಆರೆಂಟು ವರ್ಷ ಹಳೆಯ ಯಂತ್ರವೇ ಮೊದಲ ಯಂತ್ರ. ಶ್ರೀಮಂತ ದೇಶದಲ್ಲಿ ಆಯುಸ್ಸು ಮುಗಿಯಿತೆನಿಸಿಕೊಂಡದ್ದು ಇಲ್ಲಿ ಒಬ್ಬನ ವಿದ್ಯಾಭ್ಯಾಸದ ಆರಂಭ. ಅದೇ ಬೆಂಗಳೂರಿನಲ್ಲಿ ಎನ್‌ವಿಡಿಯಾದ ದೊಡ್ಡ ಇಂಜಿನಿಯರಿಂಗ್ ಕೇಂದ್ರವೂ ಇದೆ. ಭಾರತ ಸರ್ಕಾರ 2015ರಲ್ಲಿಯೇ ಸರ್ಕಾರಿ ವ್ಯವಸ್ಥೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆಯೆಂಬ ನೀತಿಯನ್ನು ಪ್ರಕಟಿಸಿತು; 2022ರ ಜುಲೈನಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ, ಕೊಂಡ ವಸ್ತುವನ್ನು ದುರಸ್ತಿ ಮಾಡಿಕೊಳ್ಳುವ ಹಕ್ಕಿನ ಚೌಕಟ್ಟನ್ನು ರೂಪಿಸಲು ಸಮಿತಿಯೊಂದನ್ನು ರಚಿಸಿ, ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತುಗಳು, ವಾಹನಗಳು ಎಂಬ ನಾಲ್ಕು ಕ್ಷೇತ್ರಗಳನ್ನು ಮೊದಲಿಗೆ ಗುರುತಿಸಿತು. ಲ್ಯಾಪ್‌ಟಾಪ್ ಆ ನಾಲ್ಕರಲ್ಲಿ ಹೆಸರಿನಿಂದ ಬಂದಿಲ್ಲ, ಬರಬೇಕು. ದುರಸ್ತಿಯೆಂದರೆ ಮುರಿದ ಹಿಂಜನ್ನು ಬದಲಿಸುವುದು, ಸೊರಗಿದ ಬ್ಯಾಟರಿಯನ್ನು ತೆಗೆದು ಹೊಸದನ್ನು ಹಾಕುವುದು ಮಾತ್ರವಲ್ಲ. ಸರಿಯಾಗಿರುವ ಚಿಪ್ಪನ್ನು ಅದರ ಪೂರ್ಣವೇಗದಲ್ಲಿ ನಡೆಸಲು ಬೇಕಾದ ಡ್ರೈವರ್ ಮತ್ತು ಫರ್ಮ್‌ವೇರ್ ದೊರೆಯದಿದ್ದರೆ ಹಿಂಜನ್ನು ಸರಿಮಾಡಿ ಫಲವೇನು?

ನಮ್ಮ ಸರ್ಕಾರಗಳೂ ವಿಶ್ವವಿದ್ಯಾನಿಲಯಗಳೂ ಗಣಕಯಂತ್ರಗಳನ್ನು ಸಾಲುಸಾಲಾಗಿ ಕೊಳ್ಳುವಾಗ ಟೆಂಡರಿನಲ್ಲಿ ಮೆಮೊರಿ ಎಷ್ಟು, ಡಿಸ್ಕ್ ಎಷ್ಟು, ವಾರಂಟಿ ಎಷ್ಟು ವರ್ಷವೆಂದು ಕೇಳುತ್ತವೆ. ಆ ಪಟ್ಟಿಗೆ ಒಂದು ಷರತ್ತು ಸೇರಲಿ: ಗ್ರಾಫಿಕ್ಸ್ ಚಿಪ್ಪು ಕರ್ನೆಲ್ಲಿನೊಳಗಿನ ಮುಕ್ತ ಡ್ರೈವರಿನಿಂದಲೇ ಪೂರ್ಣವೇಗದಲ್ಲಿ ನಡೆಯತಕ್ಕದ್ದು, ಇಲ್ಲವಾದರೆ, ಬೆಂಬಲ ನಿಲ್ಲಿಸುವ ದಿನ ಸಹಿಯುಳ್ಳ ಫರ್ಮ್‌ವೇರನ್ನೂ ಅದರೊಡನೆ ವ್ಯವಹರಿಸುವ ಕ್ರಮದ ವಿವರವನ್ನೂ ಹಂಚಿಕೆಯ ಅನುಮತಿಯೊಡನೆ ಪ್ರಕಟಿಸುವುದಾಗಿ ತಯಾರಕರು ಲಿಖಿತವಾಗಿ ಒಪ್ಪಿರತಕ್ಕದ್ದು. ಎನ್‌ವಿಡಿಯಾವನ್ನಂತೂ ಈ ಷರತ್ತಿಗಾಗಿ ಕಾಯದೆಯೇ ಕೇಳಬಹುದು. 580ನೆಯ ಶ್ರೇಣಿಗೆ ಭದ್ರತೆಯ ತಿದ್ದುಪಡಿಗಳು ಇನ್ನೂ ಕೆಲವು ಕಾಲ ಬರಲಿವೆ. ಆ ಅವಧಿ ತೀರುವುದರೊಳಗೆ ಪ್ಯಾಸ್ಕಲ್ಲಿನ ವೇಗನಿಯಂತ್ರಣದ ಕಡತ ಲಿನಕ್ಸಿನ ಸಾರ್ವಜನಿಕ ಫರ್ಮ್‌ವೇರ್ ಭಂಡಾರವನ್ನು ಸೇರಿದರೆ, ಮುಂದಿನ ಕೆಲಸವನ್ನು ನೂವೋದವರು ಮಾಡಿಕೊಳ್ಳುತ್ತಾರೆ.